ಎನ್‌ವಿಡಿಎ ತಡವಾಗಿ ಮಾತಾಡುತ್ತಿದೆ, ಲ್ಯಾಪ್‌ಟಾಪ್ ಬದಲಿಸಲೇಬೇಕಾ?

ಪ್ರಶ್ನೆ: ಚಿಂಚವಾಡ, ಪುಣೆ

ಎಲ್ಲರಿಗೂ ನಮಸ್ಕಾರ. ನನಗೆ ಕಣ್ಣು ಕಾಣುವುದಿಲ್ಲ. ಮನೆಯ ಲ್ಯಾಪ್‌ಟಾಪ್‌ನಲ್ಲಿ ಎನ್‌ವಿಡಿಎ ಬಳಸುತ್ತೇನೆ, ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಅದು. ವಿಂಡೋಸ್ 10, 4 ಜಿಬಿ ರ್‍ಯಾಮ್. ಇಲ್ಲಿನ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಕನ್ನಡ ಹೇಳಿಕೊಡುವುದು, ಮೇಲ್, ಬ್ಯಾಂಕ್ ಕೆಲಸ ಎಲ್ಲ ಇದರಲ್ಲೇ. ಈಚೆಗೆ ಬಾಣದ ಕೀ ಒತ್ತಿದರೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಒತ್ತಿದ್ದು ತಾಗಲಿಲ್ಲವೇನೋ ಎಂದು ಇನ್ನೊಮ್ಮೆ ಒತ್ತುತ್ತೇನೆ. ಅದು ಎರಡು ಸಾಲು ಮುಂದೆ ಹೋಗಿಬಿಡುತ್ತದೆ. ನಾನು ಎಲ್ಲಿದ್ದೇನೆ ಅನ್ನುವುದೇ ಗೊತ್ತಾಗುವುದಿಲ್ಲ. ಅಂಗಡಿಗೆ ಒಯ್ದರೆ ಅವರು ಮೌಸ್ ಆಡಿಸಿ ನೋಡಿ, ಎಲ್ಲ ಸರಿ ಇದೆ, ಬೇಕಿದ್ದರೆ ಫಾರ್ಮ್ಯಾಟ್ ಮಾಡಿ ಕೊಡುತ್ತೇವೆ ಅಂದರು. ಮನೆಯಲ್ಲಿ ಹೊಸದು ತಗೊಳ್ಳೋಣ ಅನ್ನುತ್ತಿದ್ದಾರೆ. ಅಷ್ಟು ಖರ್ಚು ಈಗ ಕಷ್ಟ. ಏನು ನೋಡಲಿ?

ಉತ್ತರ: ಡೊಂಬಿವಲಿ

ಅಕ್ಕಾ, ಫಾರ್ಮ್ಯಾಟ್ ಈಗಲೇ ಬೇಡ. ಎನ್‌ವಿಡಿಎ, ದನಿಯ ಸೆಟ್ಟಿಂಗ್, ಅದಕ್ಕೆ ಸೇರಿಸಿಕೊಂಡ ಆಡ್-ಆನ್ ಎಲ್ಲ ಹೋಗುತ್ತವೆ, ನಿಧಾನಕ್ಕೆ ಕಾರಣ ಮಾತ್ರ ಗೊತ್ತಾಗುವುದಿಲ್ಲ. ಮೌಸ್ ಆಡಿಸಿ ನೋಡಿದರೆ ನಿಮ್ಮ ತೊಂದರೆ ಕಾಣುವುದೂ ಇಲ್ಲ. ನಿಧಾನ ಇರುವುದು ದನಿಯಲ್ಲೋ, ಯಂತ್ರದಲ್ಲೋ, ವೆಬ್ ಪುಟದಲ್ಲೋ? ಇದನ್ನು ಕಿವಿಯಿಂದಲೇ ಪತ್ತೆ ಮಾಡಬಹುದು.

ವಿಂಡೋಸ್ ಕೀ ಜೊತೆ ಡಿ ಒತ್ತಿ ಡೆಸ್ಕ್‌ಟಾಪ್‌ಗೆ ಬನ್ನಿ. ಬಾಣದ ಕೀಯಲ್ಲಿ ಓಡಾಡಿ. ಅಲ್ಲಿ ಚುರುಕಾಗಿ ಓದಿ ಬ್ರೌಸರ್‌ನಲ್ಲಿ ಮಾತ್ರ ತಡವಾದರೆ ದೋಷ ಪುಟದ್ದು. ಡೆಸ್ಕ್‌ಟಾಪ್‌ನಲ್ಲೂ ತಡ ಅಂದರೆ ಎನ್‌ವಿಡಿಎ ಕೀ (ಸಾಮಾನ್ಯವಾಗಿ ಇನ್ಸರ್ಟ್), ಕಂಟ್ರೋಲ್, ಎಸ್ ಒಟ್ಟಿಗೆ ಒತ್ತಿ, ಎನ್‌ವಿಡಿಎ ಜೊತೆಗೇ ಬರುವ ಈಸ್ಪೀಕ್ ಎನ್‌ಜಿ ಎಂಬ ದನಿ ಆರಿಸಿ. ಅದರ ದನಿ ಕೇಳಲು ಅಷ್ಟೇನೂ ಹಿತವಲ್ಲ, ಆದರೆ ತುಂಬಾ ಹಗುರ. ಹಳೇ ಯಂತ್ರದಲ್ಲೂ ಥಟ್ಟನೆ ಮಾತಾಡುತ್ತದೆ, ಕನ್ನಡವನ್ನೂ ಓದುತ್ತದೆ. ಅದಕ್ಕೆ ಬದಲಿಸಿದ ಕೂಡಲೇ ಸರಿಹೋದರೆ ತೊಂದರೆ ನಿಮ್ಮ ಹಳೆಯ ದನಿಯದ್ದು. ಬ್ಲೂಟೂತ್ ಹೆಡ್‌ಫೋನ್ ಇದ್ದರೆ ತೆಗೆದು ವೈರಿನದ್ದು ಹಾಕಿ ನೋಡಿ. ಬ್ಲೂಟೂತ್‌ನಲ್ಲಿ ದನಿ ತಡವಾಗಿ ಬರುವುದು ಮಾಮೂಲು.

ಆಮೇಲೆ ಎನ್‌ವಿಡಿಎ ಕೀ ಜೊತೆ ಕ್ಯೂ ಒತ್ತಿ. ಬರುವ ಪಟ್ಟಿಯಲ್ಲಿ ಆಡ್-ಆನ್ ಇಲ್ಲದೆ ಮತ್ತೆ ಶುರು ಮಾಡುವ ಆಯ್ಕೆ ಇದೆ. ಹಳೇ ಆಡ್-ಆನ್ ಒಂದೇ ಸಾಕು ಎಲ್ಲವನ್ನೂ ಎಳೆಯಲು.

ಇನ್ನೊಂದು. ದಿನಾ ಶಟ್ ಡೌನ್ ಮಾಡುತ್ತೀರಿ ಅಲ್ವಾ? ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಅದರಿಂದ ವಿಂಡೋಸ್ ಪೂರ್ತಿ ಹೊಸದಾಗಿ ಏಳುವುದಿಲ್ಲ. ರೀಸ್ಟಾರ್ಟ್ ಮಾಡಬೇಕು: ವಿಂಡೋಸ್ ಕೀ ಜೊತೆ ಎಕ್ಸ್, ಬಿಟ್ಟು ಯು, ಆಮೇಲೆ ಆರ್.

ಉತ್ತರ: ಮಾಟುಂಗಾ, ಮುಂಬಯಿ

ಡಿಸ್ಕ್ ಯಾವುದು ಅಂತಲೂ ನೋಡಿ ಅಕ್ಕಾ. ವಿಂಡೋಸ್ ಕೀ ಜೊತೆ ಆರ್ ಒತ್ತಿ ಡಿ, ಎಫ್, ಆರ್, ಜಿ, ಯು, ಐ ಎಂದು ಟೈಪ್ ಮಾಡಿ ಎಂಟರ್ ಕೊಡಿ. ಪಟ್ಟಿಯಲ್ಲಿ ಸಿ ಡ್ರೈವ್ ಮುಂದೆ ಹಾರ್ಡ್ ಡಿಸ್ಕ್ ಎಂದು ಓದುತ್ತದೋ, ಸಾಲಿಡ್ ಸ್ಟೇಟ್ ಎಂದೋ ಕೇಳಿಸಿಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಅದರೊಳಗೆ ಸ್ಟಾರ್ಟಪ್‌ಗೆ ಹೋಗಿ, ಬೇಡದ್ದನ್ನು ಸ್ಪೇಸ್ ಒತ್ತಿ ಆಫ್ ಮಾಡಿ. ಟಾಸ್ಕ್ ಮ್ಯಾನೇಜರ್‌ಗಿಂತ ಇದು ಸ್ಕ್ರೀನ್ ರೀಡರ್‌ಗೆ ಸುಲಭ. ಎರಡು ಆಂಟಿವೈರಸ್ ಇದ್ದರೆ ಒಂದನ್ನು ತೆಗೆಯಿರಿ. "ಕಂಪ್ಯೂಟರ್ ಚುರುಕು ಮಾಡುತ್ತೇವೆ" ಅನ್ನುವ ಆ್ಯಪ್ ಯಾವುದನ್ನೂ ಹಾಕಬೇಡಿ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರ ಆಯಿತು. ಡೆಸ್ಕ್‌ಟಾಪ್‌ನಲ್ಲೂ ತಡವೇ. ಈಸ್ಪೀಕ್‌ನಿಂದ ಸ್ವಲ್ಪ ಸುಧಾರಿಸಿತು, ಪೂರ್ತಿ ಅಲ್ಲ. ಸಿ ಡ್ರೈವ್ ಹಾರ್ಡ್ ಡಿಸ್ಕ್. ಆಂಟಿವೈರಸ್ ನಿಜಕ್ಕೂ ಎರಡಿದ್ದವು, ಒಂದು ಲ್ಯಾಪ್‌ಟಾಪ್ ಜೊತೆಗೇ ಬಂದದ್ದು. ಅದನ್ನು ತೆಗೆದೆ. ಬ್ಯಾಂಕಿನ ಪುಟ ಮಾತ್ರ ಮೊದಲಿನ ಹಾಗೇ ಒದ್ದಾಡುತ್ತಿದೆ.

ಉತ್ತರ: ಡೊಂಬಿವಲಿ

ಹಾಗಾದರೆ ಹೊಸ ಲ್ಯಾಪ್‌ಟಾಪ್ ಬೇಡ. ಹಾರ್ಡ್ ಡಿಸ್ಕ್ ಜಾಗಕ್ಕೆ ಎಸ್‌ಎಸ್‌ಡಿ, ಅಂದರೆ ಆ ಸಾಲಿಡ್ ಸ್ಟೇಟ್ ಡ್ರೈವ್, ಹಾಕಿಸಿ, ಸ್ಲಾಟ್ ಇದ್ದರೆ ರ್‍ಯಾಮ್ 8 ಜಿಬಿ ಮಾಡಿಸಿ. 4 ಜಿಬಿಯಲ್ಲಿ ಜಾಗ ಸಾಲದಾಗ ವಿಂಡೋಸ್ ಡಿಸ್ಕನ್ನೇ ನೆನಪಿನ ಹಾಗೆ ಬಳಸುತ್ತದೆ. ತಿರುಗುವ ಡಿಸ್ಕ್ ಅದಕ್ಕೆ ತೀರಾ ನಿಧಾನ. ನೀವು ಕಾಯುವ ಆ ಮೌನ ಬಹುಪಾಲು ಅಲ್ಲಿಂದಲೇ ಬರುತ್ತಿರಬೇಕು.

ನಮ್ಮ ಕಡೆಯಾದರೆ ಮುಂಬಯಿಯ ಕಂಪ್ಯೂಟರ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಎನ್ನುತ್ತಿದ್ದೆ. ನೀವು ಪುಣೆಯಲ್ಲೇ ಮಾಡಿಸಿ, ಆದರೆ ಫಾರ್ಮ್ಯಾಟ್ ಅಲ್ಲ, "ಕ್ಲೋನ್" ಮಾಡಿ ಎಂದು ಸ್ಪಷ್ಟವಾಗಿ ಹೇಳಿ. ಆಗ ಎಲ್ಲ ಇದ್ದ ಹಾಗೇ ಹೊಸ ಡಿಸ್ಕಿಗೆ ಬರುತ್ತದೆ. ಹಳೇ ಡಿಸ್ಕನ್ನು ವಾಪಸ್ ಇಸ್ಕೊಳ್ಳಿ. ಹೋಗುವ ಮೊದಲು ಎನ್‌ವಿಡಿಎ ಮೆನುವಿನ ಟೂಲ್ಸ್‌ನಿಂದ, ಇನ್‌ಸ್ಟಾಲ್ ಮಾಡದೆ ಓಡುವ ಪೋರ್ಟಬಲ್ ಕಾಪಿಯನ್ನು ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಿ. ಅದೂ ಕೈಕೊಟ್ಟರೆ ವಿಂಡೋಸ್, ಕಂಟ್ರೋಲ್, ಎಂಟರ್ ಒತ್ತಿದರೆ ವಿಂಡೋಸ್‌ನದೇ ಸ್ಕ್ರೀನ್ ರೀಡರ್ ನರೇಟರ್ ಮಾತಾಡುತ್ತದೆ. ದುಡ್ಡು ಕೊಡುವ ಮೊದಲು ಹೆಡ್‌ಫೋನ್ ಹಾಕಿಕೊಂಡು ಅಂಗಡಿಯಲ್ಲೇ ನೀವೇ ಕೂತು ನೋಡಿ. ಬೇರೆಯವರು ನೋಡಿ ಸರಿ ಅಂದದ್ದು ಲೆಕ್ಕಕ್ಕಿಲ್ಲ.

ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನೀವು ಬ್ಯಾಂಕ್ ಕೆಲಸ ಮಾಡುವವರು, ಹಾಗಾಗಿ ಯಂತ್ರ ವಿಂಡೋಸ್ 11ಕ್ಕೆ ಒಗ್ಗುತ್ತದಾ ಅಂತ ಅಂಗಡಿಯಲ್ಲೇ ಕೇಳಿ. ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು.

ಬ್ಯಾಂಕಿನ ಪುಟದ ವಿಷಯ ಬೇರೆ. ಎನ್‌ವಿಡಿಎ ಇಡೀ ಪುಟದ ಒಂದು ನಕಲನ್ನು ತನ್ನೊಳಗೆ ಕಟ್ಟಿಕೊಂಡು ಓದುತ್ತದೆ. ಪುಟದಲ್ಲಿ ಜಾಹೀರಾತು ಓಡುತ್ತಲೇ ಇದ್ದರೆ ಆ ನಕಲನ್ನೂ ತಿದ್ದುತ್ತಲೇ ಇರಬೇಕು. ಬೇರೆ ಟ್ಯಾಬ್ ಮುಚ್ಚಿ. ಸಾಲು ಸಾಲಾಗಿ ಇಳಿಯದೆ ಎಚ್ ಒತ್ತಿ ಶೀರ್ಷಿಕೆಗೆ, ಇ ಒತ್ತಿ ಬರೆಯುವ ಜಾಗಕ್ಕೆ ಹೋಗಿ. ಜೊತೆಗೆ ಬ್ಯಾಂಕಿಗೆ ಒಂದು ದೂರು ಬರೆಯಿರಿ. ಯಾವ ಪುಟ, ಯಾವ ಬಟನ್, ಯಾವ ಸ್ಕ್ರೀನ್ ರೀಡರ್ ಎಂದು ವಿವರ ಕೊಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನು ಅದರಲ್ಲಿ ಹೆಸರಿಸಿ. ಬರೆಯಲು ಬೇಕಾದರೆ ಹೇಳಿ, ನಾನು ಜೊತೆಗಿರುತ್ತೇನೆ.