ಮನೆಯಲ್ಲೇ ಮಾಡಿದ ಮಿಂಚು ಪತ್ತೆ ಯಂತ್ರ: ದೂರ ಹೇಳುತ್ತೆ, ದಿಕ್ಕು ಯಾಕೆ ಹೇಳಲ್ಲ?

ಪುಣೆ, ಮುಂಬೈ, ಗೋವಾ ಕನ್ನಡಿಗರ ನಮ್ಮ ಗುಂಪಿನಲ್ಲಿ ನಡೆದ ಪ್ರಶ್ನೋತ್ತರ. ಉತ್ತರ ಕೊಡುವವರು ಪುಣೆಯ ಔಂಧ್‌ನಲ್ಲಿರುವ ಆಂಟೆನಾ ಮತ್ತು ಅಳತೆ ಉಪಕರಣಗಳ ಎಂಜಿನಿಯರ್.

ಪ್ರಶ್ನೆ (ಹಡಪ್ಸರ್, ಪುಣೆ):
ಮೇಡಂ, ನಮಸ್ಕಾರ. ನಾವು ಮೂಲ ಇಂಡಿ ಕಡೆಯವರು, ಹನ್ನೊಂದು ವರ್ಷದಿಂದ ಹಡಪ್ಸರ್‌ನಲ್ಲಿದ್ದೇವೆ. ಮಗಳು ಒಂಬತ್ತನೇ ತರಗತಿ. ಇಬ್ಬರೂ ಸೇರಿ ಎಎಸ್3935 ಅನ್ನೋ ಮಿಂಚಿನ ಸೆನ್ಸರ್ ತಂದು ಇಎಸ್‌ಪಿ32 ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡ್‌ಗೆ ಜೋಡಿಸಿದ್ದೇವೆ. ಎರಡು ತೊಂದರೆ ಇದೆ. ಆಕಾಶದಲ್ಲಿ ಒಂದು ಮೋಡ ಇಲ್ಲದಿದ್ದರೂ ದಿನಕ್ಕೆ ಹತ್ತಾರು ಸಲ ‘ಅಡಚಣೆ’ ಅಂತ ತೋರಿಸುತ್ತದೆ. ಮೊನ್ನೆ ರಾತ್ರಿಯಂತೂ ‘ಮಿಂಚು, 5 ಕಿ.ಮೀ.’ ಅಂತ ಬಂತು, ಹೊರಗೆ ನೋಡಿದರೆ ನಕ್ಷತ್ರ. ಇನ್ನೊಂದು, ಮಳೆ ಯಾವ ದಿಕ್ಕಿನಿಂದ ಬರುತ್ತಿದೆ ಅಂತ ಮಗಳಿಗೆ ಗೊತ್ತಾಗಬೇಕಂತೆ. ಅದಕ್ಕೆ ಯಾವ ರಿಜಿಸ್ಟರ್ (ಚಿಪ್ ತನ್ನ ಉತ್ತರ ಬರೆದಿಡುವ ಖಾನೆ) ಓದಬೇಕು?

ಉತ್ತರ:
ದಿಕ್ಕಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಇಲ್ಲಾಂದ್ರೆ ರಿಜಿಸ್ಟರ್ ಹುಡುಕುವುದರಲ್ಲೇ ನಿಮ್ಮ ವಾರ ಕಳೆದುಹೋಗುತ್ತದೆ. ಆ ಚಿಪ್‌ನಲ್ಲಿ ದಿಕ್ಕು ಇಲ್ಲವೇ ಇಲ್ಲ. ಅದಕ್ಕಿರುವುದು ಬೆರಳ ತುದಿಯಷ್ಟು ದೊಡ್ಡ ಒಂದೇ ತಂತಿ ಸುರುಳಿ, ಅದೇ ಅದರ ಆಂಟೆನಾ. ಒಂದೇ ಸುರುಳಿಯನ್ನು ತಿರುಗಿಸದೆ ಒಂದೇ ಕಡೆ ಕೂರಿಸಿಟ್ಟು ದಿಕ್ಕು ಹೇಳು ಅಂದರೆ ಯಾವ ಚಿಪ್‌ಗೂ ಆಗುವುದಿಲ್ಲ. ನಿಮ್ಮ ಮಗಳು ಕೇಳಿದ್ದು ಒಳ್ಳೆಯ ಪ್ರಶ್ನೆ. ಅದಕ್ಕೆ ಬೇರೆಯದೇ ಆಂಟೆನಾ ಕಟ್ಟಬೇಕು, ಅದನ್ನು ಆಮೇಲೆ ಹೇಳುತ್ತೇನೆ.

ಈಗ ದೂರ. ಮಿಂಚು ಹೊಡೆದಾಗ ಬೆಳಕಿನ ಜೊತೆಗೆ ರೇಡಿಯೋ ಅಲೆಗಳೂ ಹೊರಡುತ್ತವೆ. ನಿಮ್ಮ ಚಿಪ್ 500 ಕಿಲೋಹರ್ಟ್ಸ್ ಹತ್ತಿರ ಕಿವಿಗೊಟ್ಟು ಕೂತಿರುತ್ತದೆ. ಅಲೆ ಬಂದ ಕೂಡಲೇ ಅದರ ಆಕಾರ ನೋಡಿ, ಇದು ಮಿಂಚೋ ಮೋಟಾರಿನ ಕಿಡಿಯೋ ಅಂತ ವಿಂಗಡಿಸುತ್ತದೆ. ಕಿಡಿ ಅನ್ನಿಸಿದರೆ ‘ಅಡಚಣೆ’ ಅನ್ನುತ್ತದೆ. ಮಿಂಚು ಅನ್ನಿಸಿದರೆ ಅದರ ಬಲ ಅಳೆದು, ಹಿಂದಿನ ಹೊಡೆತಗಳನ್ನೂ ಲೆಕ್ಕಕ್ಕೆ ತಗೊಂಡು ಒಂದು ಅಂದಾಜು ಕೊಡುತ್ತದೆ. 40, 37, 34, 31 ಹೀಗೆ ಮೆಟ್ಟಿಲು ಮೆಟ್ಟಿಲಾಗಿ 1 ಕಿ.ಮೀ. ವರೆಗೆ ಇಳಿಯುತ್ತದೆ. ಇಲ್ಲಿ ಒಂದು ಮಾತು ಗಮನದಲ್ಲಿರಲಿ: ಅದು ಈಗಷ್ಟೇ ಹೊಡೆದ ಮಿಂಚಿನ ದೂರ ಅಲ್ಲ. ಮೋಡದ ಗುಂಪಿನ ಮುಂದಿನ ಅಂಚು ಎಷ್ಟು ದೂರದಲ್ಲಿರಬಹುದು ಅನ್ನುವ ಅಂದಾಜು. ಒಂದೇ ಹೊಡೆತ ನೋಡಿ ದೂರ ಹೇಳಲು ಯಾಕಾಗಲ್ಲ ಅಂದರೆ, ಒಂದು ಮಿಂಚಿನಲ್ಲಿ 10 ಸಾವಿರ ಆಂಪಿಯರ್ ಹರಿದರೆ ಇನ್ನೊಂದರಲ್ಲಿ ಲಕ್ಷ ದಾಟುತ್ತದೆ. ದೂರದ ದೊಡ್ಡ ಮಿಂಚೂ ಹತ್ತಿರದ ಸಣ್ಣ ಮಿಂಚೂ ಆಂಟೆನಾಗೆ ಒಂದೇ ಥರ ಕೇಳಿಸಬಹುದು.

ಸುಳ್ಳು ಮಿಂಚಿನ ವಿಷಯಕ್ಕೆ ಬರೋಣ. ಬೋರ್ಡ್ ಎಲ್ಲಿಟ್ಟಿದ್ದೀರಿ? ಕರೆಂಟ್ ಎಲ್ಲಿಂದ ಕೊಟ್ಟಿದ್ದೀರಿ?

ಹಡಪ್ಸರ್:
ಫ್ರಿಜ್ ಮೇಲೆ ಇಟ್ಟಿದ್ದೇವೆ ಮೇಡಂ. ಹಳೇ ಮೊಬೈಲ್ ಚಾರ್ಜರ್‌ನಿಂದ ಕರೆಂಟ್.

ಉತ್ತರ:
ಎರಡನ್ನೂ ಇವತ್ತೇ ಬಿಡಿಸಿ. ಫ್ರಿಜ್ಜಿನ ಕಂಪ್ರೆಸರ್ ಶುರುವಾಗುವಾಗ, ನಿಲ್ಲುವಾಗ ಒಂದೊಂದು ಕಿಡಿ. ಅಗ್ಗದ ಚಾರ್ಜರ್ ಒಳಗೆ ಸೆಕೆಂಡಿಗೆ ಸಾವಿರಾರು ಸಲ ಸ್ವಿಚ್ ಹಾಕಿ ತೆಗೆಯುತ್ತಾ ಇರುತ್ತದೆ, ಅದರ ಗದ್ದಲ ನೇರ 500 ಕಿಲೋಹರ್ಟ್ಸ್‌ವರೆಗೂ ಬರುತ್ತದೆ. ಎಲ್‌ಇಡಿ ಬಲ್ಬ್, ಫ್ಯಾನ್ ರೆಗ್ಯುಲೇಟರ್, ಲಿಫ್ಟಿನ ಮೋಟಾರ್, ಎಲ್ಲವೂ ಹೀಗೇ. ಬೋರ್ಡನ್ನು ಪವರ್ ಬ್ಯಾಂಕಿಗೆ ಹಾಕಿ, ಕಿಟಕಿ ಹತ್ತಿರ ಮರದ ಸ್ಟೂಲಿನ ಮೇಲಿಡಿ. ಕಬ್ಬಿಣದ ಗ್ರಿಲ್‌ನಿಂದ ಎರಡು ಅಡಿ ದೂರ, ಮನೆಯೊಳಗಿನ ಕಡೆಗಿರಲಿ. ಇಎಸ್‌ಪಿ32ರ ವೈಫೈ ಸಹ ಕಿರಿಕಿರಿ ಕೊಡಬಹುದು, ಹಾಗಾಗಿ ಎರಡು ಬೋರ್ಡ್‌ಗಳ ನಡುವೆ ಒಂದು ಗೇಣು ಜಾಗ ಬಿಡಿ.

ಆಮೇಲೆ ಆಂಟೆನಾವನ್ನು 500 ಕಿಲೋಹರ್ಟ್ಸ್‌ಗೆ ಶ್ರುತಿ ಮಾಡಬೇಕು. ಜಾಸ್ತಿ ಜನ ಬಿಟ್ಟುಬಿಡುವ ಕೆಲಸ ಇದು. ಚಿಪ್ ತನ್ನ ಆಂಟೆನಾದ ಕಂಪನವನ್ನು 16ರಿಂದ ಭಾಗಿಸಿ ಐಆರ್‌ಕ್ಯೂ ಕಾಲಿನ (ಏನಾದರೂ ಕೇಳಿಸಿದಾಗ ಚಿಪ್ ಬೋರ್ಡನ್ನು ಕರೆಯುವ ಪಿನ್) ಮೇಲೆ ಕೊಡುವ ಹಾಗೆ ಮಾಡಬಹುದು. 500ನ್ನು 16ರಿಂದ ಭಾಗಿಸಿದರೆ 31.25 ಕಿಲೋಹರ್ಟ್ಸ್. ಇಎಸ್‌ಪಿ32ರಲ್ಲೇ ಪಲ್ಸ್ ಎಣಿಸಿ ನೋಡಿ. ಚಿಪ್ ಒಳಗಿನ ಕೆಪ್ಯಾಸಿಟರನ್ನು 8 ಪಿಕೋಫ್ಯಾರಡ್ ಹೆಜ್ಜೆಯಲ್ಲಿ 0ಯಿಂದ 120ರವರೆಗೆ ಬದಲಿಸುತ್ತಾ ಹೋಗಿ. ಯಾವುದರಲ್ಲಿ 31.25ಕ್ಕೆ ತೀರಾ ಹತ್ತಿರ ಬರುತ್ತದೋ ಅದೇ ನಿಮ್ಮ ಬೋರ್ಡಿನ ಸಂಖ್ಯೆ. 3.5 ಶೇಕಡಾಕ್ಕಿಂತ ಆಚೆ ಹೋದರೆ ದೂರದ ಅಂದಾಜು ನಂಬುವ ಹಾಗಿರುವುದಿಲ್ಲ.

ಒಳಾಂಗಣ, ಹೊರಾಂಗಣ ಅಂತ ಎರಡು ಸೆಟ್ಟಿಂಗ್ ಇವೆ. ನಿಮ್ಮದು ಒಳಾಂಗಣ. ಇನ್ನೊಂದು, ಚಿಪ್ ಕರೆದ ಮೇಲೆ 2 ಮಿಲಿಸೆಕೆಂಡ್ ಕಾದು ರಿಜಿಸ್ಟರ್ ಓದಬೇಕು. ಅವಸರ ಮಾಡಿದರೆ ತಪ್ಪು ಉತ್ತರ ಸಿಗುತ್ತದೆ. ನಿಮ್ಮ ಪ್ರೋಗ್ರಾಮಿನಲ್ಲಿ ಆ ಸಾಲು ಇದೆಯಾ ನೋಡಿ.

ಎಲ್ಲ ಆದ ಮೇಲೆ ಅಡುಗೆಮನೆಯ ಗ್ಯಾಸ್ ಲೈಟರ್ ತನ್ನಿ. ಒಂದು ಅಡಿ ದೂರದಲ್ಲಿ ‘ಚಟ್’ ಅನ್ನಿಸಿ. ‘ಅಡಚಣೆ’ ಅಂತ ಬಂದರೆ ಚಿಪ್‌ಗೆ ಕೇಳಿಸುತ್ತಿದೆ, ವಿಂಗಡಣೆಯೂ ಸರಿ ಇದೆ. ಪದೇ ಪದೇ ‘ಮಿಂಚು’ ಅಂತಲೇ ಬಂದರೆ ಕಿಡಿ ತಳ್ಳಿಹಾಕುವ ಸೆಟ್ಟಿಂಗನ್ನು ಒಂದೊಂದೇ ಹೆಜ್ಜೆ ಬಿಗಿ ಮಾಡಿ. ಒಂದೇ ಸಲ ಪೂರ್ತಿ ಬಿಗಿ ಮಾಡಬೇಡಿ, ದೂರದ ನಿಜವಾದ ಮಿಂಚೂ ತಪ್ಪಿಹೋಗುತ್ತದೆ.

ಪ್ರಶ್ನೆ (ವಾಸ್ಕೋ, ಗೋವಾ):
ಅಕ್ಕಾ, ನಮ್ಮ ಅಪ್ಪ ಹಳೇ ರೇಡಿಯೋದಲ್ಲಿ ಕರ್‌ಕರ್ ಅಂದರೆ ಸಾಕು, ಮಳೆ ಬಂತು ಅನ್ನುತ್ತಿದ್ದರು. ಅದೂ ಇದೇ ತಾನೇ? ಅದರಿಂದ ದಿಕ್ಕು ಸಿಗಲ್ವಾ?

ಉತ್ತರ:
ಅಪ್ಪ ಹೇಳಿದ್ದು ಪೂರ್ತಿ ಸರಿ. 1895ರಲ್ಲಿ ರಷ್ಯಾದ ವಿಜ್ಞಾನಿ ಪೊಪೋವ್ ಮಾಡಿ ತೋರಿಸಿದ ರೇಡಿಯೋ ರಿಸೀವರ್ ಕೂಡ ಮಿಂಚನ್ನು ಪತ್ತೆ ಮಾಡುತ್ತಿತ್ತು. ಮೀಡಿಯಂ ವೇವ್‌ನಲ್ಲಿ ಯಾವ ಸ್ಟೇಷನ್ನೂ ಇಲ್ಲದ ಜಾಗಕ್ಕೆ ಮುಳ್ಳು ತಂದಿಟ್ಟರೆ ಈಗಲೂ ಕೇಳಿಸುತ್ತದೆ.

ದಿಕ್ಕೂ ಸ್ವಲ್ಪ ಮಟ್ಟಿಗೆ ಸಿಗುತ್ತದೆ. ರೇಡಿಯೋ ಒಳಗೆ ಪೆನ್ಸಿಲ್ ಥರದ ಕಪ್ಪು ಫೆರೈಟ್ ಕಡ್ಡಿ ಅಡ್ಡಡ್ಡ ಮಲಗಿರುತ್ತದೆ. ಅದರ ತುದಿ ಮೋಡದ ಕಡೆಗೆ ತಿರುಗಿದಾಗ ಸದ್ದು ತೀರಾ ಕಡಿಮೆ, ಮೈ ತಿರುಗಿದಾಗ ಜಾಸ್ತಿ. ಮಿಂಚು ಒಂದು ಕ್ಷಣದ್ದು, ಅದಕ್ಕೆ ತಕ್ಕ ಹಾಗೆ ಕೈಯಲ್ಲಿ ರೇಡಿಯೋ ತಿರುಗಿಸುವುದು ಕಷ್ಟ. ಆದರೆ ಜೋರು ಮಳೆಗಾಲಕ್ಕೆ ಮುಂಚಿನ ಸಂಜೆಗಳಲ್ಲಿ ಸೆಕೆಂಡಿಗೊಂದು ಮಿಂಚು ಬರುವಾಗ ಪ್ರಯತ್ನಿಸಿ. ರೇಡಿಯೋವನ್ನು ನಿಧಾನಕ್ಕೆ ತಿರುಗಿಸುತ್ತಾ ಸದ್ದು ಕುಗ್ಗುವ ಜಾಗ ಹುಡುಕಿ. ಮನೆಯೊಳಗೇ ಕೂತು.

ಹಡಪ್ಸರ್:
ಮೇಡಂ, ಮಗಳು ಪಕ್ಕದಲ್ಲೇ ಓದುತ್ತಿದ್ದಾಳೆ. ಹಾಗಾದರೆ ತಿರುಗಿಸದೇ ಇರುವ ಎರಡು ಆಂಟೆನಾ ಇಟ್ಟರೆ ಆಗಲ್ವಾ ಅಂತ ಕೇಳುತ್ತಿದ್ದಾಳೆ.

ಉತ್ತರ:
ಅವಳಿಗೆ ನನ್ನ ಶಹಬ್ಬಾಸ್ ಹೇಳಿ. ಅದೇ ಉತ್ತರ! 1920ರ ದಶಕದಲ್ಲಿ ಬ್ರಿಟನ್ನಿನ ವಿಜ್ಞಾನಿ ವಾಟ್ಸನ್-ವಾಟ್ ಸಿಡಿಲಿನ ದಿಕ್ಕು ಹಿಡಿಯಲು ಮಾಡಿದ್ದೂ ಇದನ್ನೇ. ಒಂದಕ್ಕೊಂದು ಅಡ್ಡವಾಗಿ ನಿಂತ ಎರಡು ಚೌಕಟ್ಟು ಸುರುಳಿಗಳು.

ಮರದ ಪಟ್ಟಿಯಲ್ಲಿ ಎರಡು ಅಡಿ ಚೌಕದ ಎರಡು ಚೌಕಟ್ಟು ಮಾಡಿ. ಬುಧವಾರ ಪೇಠೆಯಲ್ಲಿ ಪಾಸೋಡ್ಯಾ ವಿಠೋಬಾ ಗುಡಿ ಹತ್ತಿರದ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಕಡೆ ವೈಂಡಿಂಗ್ ವೈರ್ ವಿಚಾರಿಸಿ, ಒಂದೊಂದಕ್ಕೂ 40 ಸುತ್ತು. ಎರಡರಲ್ಲೂ ಸುತ್ತಿನ ಸಂಖ್ಯೆ, ಸುತ್ತಿದ ದಿಕ್ಕು ಒಂದೇ ಇರಬೇಕು. ಒಂದನ್ನು ಉತ್ತರ-ದಕ್ಷಿಣವಾಗಿ, ಇನ್ನೊಂದನ್ನು ಪೂರ್ವ-ಪಶ್ಚಿಮವಾಗಿ ನಿಲ್ಲಿಸಿ. ಒಂದೊಂದಕ್ಕೂ ಸಣ್ಣ ಸಂಕೇತವನ್ನು ದೊಡ್ಡದು ಮಾಡುವ ಒಂದು ಆಪ್-ಆಂಪ್ ಆಂಪ್ಲಿಫೈಯರ್, ಅಲ್ಲಿಂದ ಯುಎಸ್‌ಬಿ ಸೌಂಡ್ ಕಾರ್ಡಿನ ಎಡ ಮತ್ತು ಬಲ ಚಾನಲ್‌ಗೆ. ಸ್ಟೀರಿಯೋ ಲೈನ್-ಇನ್ ಇರುವ ಕಾರ್ಡೇ ಬೇಕು. ಲ್ಯಾಪ್‌ಟಾಪಿನ ಮೈಕ್ ಕಿಂಡಿ ಸಾಮಾನ್ಯವಾಗಿ ಒಂದೇ ಚಾನಲ್, ಅದರಲ್ಲಿ ದಿಕ್ಕು ಬರುವುದಿಲ್ಲ.

ಸೌಂಡ್ ಕಾರ್ಡ್ ಸಾಕಾ ಅಂತ ಅನುಮಾನ ಬರಬಹುದು. ಸಾಕು. ಮಿಂಚಿನ ರೇಡಿಯೋ ಶಕ್ತಿ ಜಾಸ್ತಿ ಇರುವುದು 5ರಿಂದ 10 ಕಿಲೋಹರ್ಟ್ಸ್ ಸುತ್ತಮುತ್ತ. ನಮ್ಮ ಕಿವಿಗೆ ಕೇಳುವ ಶ್ರೇಣಿಯೇ ಅದು, ಆದರೆ ಗಾಳಿಯ ಸದ್ದಲ್ಲ, ರೇಡಿಯೋ. 3 ಕಿಲೋಹರ್ಟ್ಸ್‌ಗಿಂತ ಕೆಳಗಿನದನ್ನು ಫಿಲ್ಟರ್ ಹಾಕಿ ತೆಗೆಯಿರಿ, ಇಲ್ಲಾಂದ್ರೆ ಮನೆಯ ವೈರಿಂಗಿನ 50 ಹರ್ಟ್ಸ್ ಗುಂಯ್‌ಗುಟ್ಟುವಿಕೆಯೇ ಎಲ್ಲ ನುಂಗುತ್ತದೆ. ಹೆಡ್‌ಫೋನ್ ಹಾಕಿಕೊಂಡು ಒಮ್ಮೆ ಕೇಳಿ. ಒಗ್ಗರಣೆಗೆ ಹಾಕಿದ ಸಾಸಿವೆ ಸಿಡಿಯುವ ಹಾಗೆ ಚಟಪಟ ಅನ್ನುತ್ತಿರುತ್ತದೆ. ಒಂದೊಂದು ಚಟ್ ಕೂಡ ಎಲ್ಲೋ ನೂರಾರು ಕಿ.ಮೀ. ಆಚೆ ಹೊಡೆದ ಒಂದು ಮಿಂಚು. ನಾನು ಮೊದಲ ಸಲ ಅದನ್ನು ಕೇಳಿದ ರಾತ್ರಿ ಎರಡು ಗಂಟೆವರೆಗೆ ಹೆಡ್‌ಫೋನ್ ತೆಗೆಯಲಿಲ್ಲ.

ಲೆಕ್ಕ ಸುಲಭ. ಉತ್ತರ-ದಕ್ಷಿಣ ಚೌಕಟ್ಟಿನಲ್ಲಿ 3 ಬಂತು, ಪೂರ್ವ-ಪಶ್ಚಿಮದ್ದರಲ್ಲಿ 5.2 ಬಂತು ಅನ್ನಿ. 5.2 ಭಾಗಿಸು 3, ಅಂದರೆ 1.73. ಅದು 60 ಡಿಗ್ರಿಯ ಟ್ಯಾನ್, ಉತ್ತರದಿಂದ ಅಳೆದ ಕೋನ. ಮಗಳಿಗೆ ತ್ರಿಕೋನಮಿತಿ ಇನ್ನೂ ಶುರುವಾಗಿಲ್ಲದಿದ್ದರೆ ಒಂದು ಕಾಗದದ ಮೇಲೆ ಮೇಲಕ್ಕೆ 3 ಸೆಂ.ಮೀ., ಅಲ್ಲಿಂದ ಬಲಕ್ಕೆ 5.2 ಸೆಂ.ಮೀ. ಗೆರೆ ಎಳೆದು, ಶುರುವನ್ನೂ ಕೊನೆಯನ್ನೂ ಓರೆ ಗೆರೆಯಿಂದ ಸೇರಿಸಿ, ಮೇಲಕ್ಕೆ ಹೋದ ಗೆರೆಗೂ ಓರೆ ಗೆರೆಗೂ ನಡುವೆ ಕೋನಮಾಪಕ ಇಟ್ಟು ನೋಡಲಿ. ಎರಡೂ ಪಲ್ಸ್ ಒಂದೇ ಕಡೆಗೆ ಎದ್ದಿದ್ದರೆ ಮಿಂಚು ಈಶಾನ್ಯ-ನೈಋತ್ಯ ಗೆರೆಯ ಕಡೆ. ಒಂದು ಮೇಲೆ ಒಂದು ಕೆಳಗೆ ಹೋಗಿದ್ದರೆ ವಾಯವ್ಯ-ಆಗ್ನೇಯದ ಕಡೆ.

ಇಲ್ಲೊಂದು ತೊಡಕು ಉಳಿಯುತ್ತದೆ. 60 ಡಿಗ್ರಿಯೋ, ಅದರ ನೇರ ಎದುರಿನ 240 ಡಿಗ್ರಿಯೋ ಅಂತ ಸುರುಳಿಗಳಿಗೆ ಗೊತ್ತಾಗುವುದಿಲ್ಲ. ಅದಕ್ಕೆ ಮೂರನೆಯದಾಗಿ ನೆಟ್ಟಗೆ ನಿಂತ ಒಂದು ಸಣ್ಣ ಕಡ್ಡಿ ಆಂಟೆನಾ ಬೇಕು. ಸುರುಳಿ ಹಿಡಿಯುವುದು ಅಲೆಯ ಕಾಂತೀಯ ಭಾಗ, ಕಡ್ಡಿ ಹಿಡಿಯುವುದು ವಿದ್ಯುತ್ ಭಾಗ. ಎರಡನ್ನೂ ಜೋಡಿಸಿ ನೋಡಿದರೆ ಅಲೆ ಯಾವ ಕಡೆಯಿಂದ ಯಾವ ಕಡೆಗೆ ಸಾಗಿತು ಅನ್ನುವುದು ಸಿಗುತ್ತದೆ. ಮೊದಲ ವರ್ಷಕ್ಕೆ ಕಡ್ಡಿ ಬೇಡ. ಮೋಡ ಯಾವ ಕಡೆ ಕವಿದಿದೆ ಅಂತ ಕಿಟಕಿಯಿಂದ ನೋಡಿದರೆ ಎರಡರಲ್ಲಿ ಒಂದು ತಾನಾಗೇ ಬಿದ್ದುಹೋಗುತ್ತದೆ.

ಪ್ರಶ್ನೆ (ಡೊಂಬಿವಲಿ, ಮುಂಬೈ ಹತ್ತಿರ):
ಮೇಡಂ, ಫ್ಲಾಟಿನ ಒಳಗೆ ಸ್ಲ್ಯಾಬ್, ಕಂಬಿ ತುಂಬಾ ಇರುತ್ತವೆ. ಸೊಸೈಟಿ ಟೆರೇಸ್ ಮೇಲೆ ಚೌಕಟ್ಟು ಕಟ್ಟಿ ಕೇಬಲ್ ಕೆಳಗಿಳಿಸಿದರೆ ಒಳ್ಳೆಯದಲ್ವಾ? ಸಿಡಿಲು ನಿರೋಧಕ ಹೇಗೂ ಇದೆ.

ಉತ್ತರ:
ಬೇಡ. ಇದರಲ್ಲಿ ನಾನು ಸ್ವಲ್ಪವೂ ಸಡಿಲ ಬಿಡುವುದಿಲ್ಲ. ಟೆರೇಸಿನಿಂದ ಮನೆಯೊಳಗೆ ಇಳಿಬಿಟ್ಟ ತಂತಿ ಅಂದರೆ ಸಿಡಿಲಿಗೆ ದಾರಿ ತೋರಿಸಿದ ಹಾಗೆ. ಕಟ್ಟಡಕ್ಕೇ ಹೊಡೆಯಬೇಕೆಂದಿಲ್ಲ, ಪಕ್ಕದಲ್ಲಿ ಬಿದ್ದರೂ ಆ ಉದ್ದ ಕೇಬಲ್‌ನಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಅದರ ಇನ್ನೊಂದು ತುದಿಯಲ್ಲಿ ಲ್ಯಾಪ್‌ಟಾಪ್, ಅದರ ಮೇಲೆ ನಿಮ್ಮ ಕೈ. ಸಿಡಿಲು ನಿರೋಧಕ ಕಟ್ಟಡವನ್ನು ಕಾಯುತ್ತದೆ, ನಿಮ್ಮ ಕೇಬಲನ್ನಲ್ಲ.

ಒಳಗೇ ಇಡಿ. ಕಂಬಿಗಳಿಂದ ದಿಕ್ಕು ಹತ್ತು ಹದಿನೈದು ಡಿಗ್ರಿ ತಪ್ಪಬಹುದು. ಆದರೆ ಆ ತಪ್ಪು ಒಂದೊಂದು ದಿಕ್ಕಿಗೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಹಾಗಾಗಿ ಅಳೆದು ಕಳೆಯಬಹುದು. ಪುಣೆಯ ಪಾಷಾಣ್‌ನಲ್ಲಿರುವ ಉಷ್ಣವಲಯ ಹವಾಮಾನ ಸಂಸ್ಥೆ, ಅಂದರೆ ಐಐಟಿಎಂನವರ ‘ದಾಮಿನಿ’ ಆಪ್ ಇದೆಯಲ್ಲ, ಅದರಲ್ಲಿ ಮಿಂಚು ಎಲ್ಲಿ ಹೊಡೆದಿದೆ ಅಂತ ನೋಡಿ, ನಿಮ್ಮ ಯಂತ್ರ ಹೇಳಿದ ದಿಕ್ಕಿನ ಪಕ್ಕ ಬರೆಯುತ್ತಾ ಹೋಗಿ. ಅಳತೆಗೆ ದೂರದ ಮೋಡವೇ ಒಳ್ಳೆಯದು. ತೀರಾ ಹತ್ತಿರದ ಮಿಂಚು ಡೊಂಕುಡೊಂಕಾಗಿ, ಅಡ್ಡಡ್ಡ ಹರಿಯುತ್ತದೆ. ನಮ್ಮ ಲೆಕ್ಕ ಮಿಂಚು ನೆಟ್ಟಗಿದೆ ಅಂತ ನಂಬಿ ಮಾಡಿದ್ದು. ಅದಕ್ಕೇ ಮೋಡ ತಲೆಮೇಲೆ ಬಂದಾಗ ದಿಕ್ಕು ಕುಣಿಯುತ್ತದೆ. ಯಂತ್ರ ಕೆಟ್ಟಿದೆ ಅಂತ ಬಿಚ್ಚಬೇಡಿ.

ನೀವಿಬ್ಬರೂ ಕಟ್ಟಿದರೆ ಇನ್ನೂ ಚೆನ್ನ. ಹಡಪ್ಸರ್‌ಗೂ ಡೊಂಬಿವಲಿಗೂ ನೇರ ಗೆರೆಯಲ್ಲಿ ನೂರು ಕಿ.ಮೀ. ಮೇಲಿದೆ. ಇಬ್ಬರ ದಿಕ್ಕಿನ ಗೆರೆಗಳನ್ನು ನಕ್ಷೆ ಮೇಲೆ ಎಳೆದರೆ ಅವು ಕೂಡುವ ಜಾಗದಲ್ಲಿ ಮಿಂಚು. ಆಗ ದೂರಕ್ಕೆ ಚಿಪ್‌ನ ಅಂದಾಜೂ ಬೇಡ. 10 ಡಿಗ್ರಿ ತಪ್ಪಿದರೆ 60 ಕಿ.ಮೀ. ದೂರದಲ್ಲಿ ಸುಮಾರು 10 ಕಿ.ಮೀ. ತಪ್ಪುತ್ತದೆ, ಅದು ತಲೆಯಲ್ಲಿರಲಿ. ಮೋಡ ನಿಮ್ಮಿಬ್ಬರನ್ನು ಸೇರಿಸುವ ಗೆರೆಯ ಮೇಲೇ ಕೂತಿದ್ದರೆ ಮಾತ್ರ ಗೆರೆಗಳು ಸರಿಯಾಗಿ ಕೂಡುವುದಿಲ್ಲ.

ಹಡಪ್ಸರ್ (ಹದಿನೆಂಟು ದಿನದ ನಂತರ):
ಮೇಡಂ, ಸ್ಟೂಲಿಗೆ ಬದಲಿಸಿದ ಮೇಲೆ ಸುಳ್ಳು ಮಿಂಚು ಒಂದೂ ಇಲ್ಲ. ಕೆಪ್ಯಾಸಿಟರ್ 72ರಲ್ಲಿ ಕೂತಿತು. ನಿನ್ನೆ ಸಂಜೆ ಇಲ್ಲಿಯವರು ವಳವಾಚಾ ಪಾವೂಸ್ ಅನ್ನುವ ಬೇಸಿಗೆ ಮಳೆ ಬಂತು. 4 ಗಂಟೆ 10 ನಿಮಿಷಕ್ಕೆ 31 ತೋರಿಸಿತು, ಆಮೇಲೆ 24, 17, 12. ಮಗಳು ಫೋನಿನ ಸ್ಟಾಪ್‌ವಾಚ್ ಹಿಡಿದು ಕೂತಿದ್ದಳು. 12 ಇರುವಾಗಲೇ ಒಂದು ಮಿಂಚಿಗೆ 21 ಸೆಕೆಂಡಿಗೆ ಗುಡುಗು ಕೇಳಿಸಿತು. ಅಂದರೆ 7 ಕಿ.ಮೀ. ಅಲ್ವಾ? ಯಾವುದನ್ನು ನಂಬಬೇಕು?

ಉತ್ತರ:
ಗುಡುಗನ್ನು ನಂಬಿ. ಸದ್ದು ಒಂದು ಕಿ.ಮೀ. ಬರಲು ಸುಮಾರು 3 ಸೆಕೆಂಡ್, ನಿಮ್ಮ ಲೆಕ್ಕ ಸರಿ. ಆ ಒಂದು ಮಿಂಚಿನ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಅಳತೆ ಮನೆಯಲ್ಲಿ ಸಿಗುವುದಿಲ್ಲ. ಚಿಪ್ ಇನ್ನೂ ಹಿಂದಿನ ಹೊಡೆತಗಳ ಲೆಕ್ಕದಲ್ಲೇ ಇತ್ತು. ಆದರೆ ಗುಡುಗು ಹದಿನೈದು ಕಿ.ಮೀ. ಆಚೆಯದು ಕೇಳಿಸುವುದು ಅಪರೂಪ, ಚಿಪ್ ನಿಮಗೆ 31ರಲ್ಲೇ ಹೇಳಿತು. ಇಬ್ಬರ ಕೆಲಸ ಬೇರೆ ಬೇರೆ.

ಇನ್ನು ಮೇಲೆ ಪುಸ್ತಕದಲ್ಲಿ ಮೂರು ಕಾಲಂ ಹಾಕಲು ಹೇಳಿ: ಸಮಯ, ಚಿಪ್ ಹೇಳಿದ ದೂರ, ಗುಡುಗಿನ ಸೆಕೆಂಡ್. ಜುಲೈ, ಆಗಸ್ಟ್‌ನಲ್ಲಿ ಪುಣೆಯಲ್ಲಿ ಮಳೆ ಇದ್ದರೂ ಮಿಂಚು ಕಡಿಮೆ. ಆ ಎರಡು ತಿಂಗಳಲ್ಲಿ ಚೌಕಟ್ಟು ಸುತ್ತಿ ಮುಗಿಸಿದರೆ ಅಕ್ಟೋಬರಿನ ಗುಡುಗಿಗೆ ಸಿದ್ಧವಾಗುತ್ತದೆ.

ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡ್‌ಗಿಂತ ಕಡಿಮೆ ಇದ್ದರೆ ಬಾಲ್ಕನಿಯಲ್ಲಿ ನಿಂತು ಎಣಿಸುವುದು ಬೇಡ, ಒಳಗೆ ಬರಬೇಕು. ಕೊನೆಯ ಗುಡುಗಾದ ಮೇಲೆ 30 ನಿಮಿಷ ಹೊರಗೆ ಹೋಗುವ ಹಾಗಿಲ್ಲ. ಯಂತ್ರ ಏನೇ ತೋರಿಸಲಿ.

ಹಡಪ್ಸರ್:
ಆಯ್ತು ಮೇಡಂ. ಇಂಡಿಯಲ್ಲಿ ನನ್ನ ತಮ್ಮ ಹೊಲದಲ್ಲೇ ಇರುತ್ತಾನೆ. ಅವನಿಗೂ ಇಂಥದ್ದೊಂದು ಮಾಡಿಕೊಡೋಣ ಅಂತ ಮಗಳು.

ಉತ್ತರ:
ಮಾಡಿಕೊಡಲಿ, ಆದರೆ ಅದಕ್ಕೂ ಮೊದಲು ಇವತ್ತೇ ಫೋನ್ ಮಾಡಿ ಅವರ ಮೊಬೈಲಿನಲ್ಲಿ ದಾಮಿನಿ, ಇಲ್ಲವೇ ಕರ್ನಾಟಕದ ‘ಸಿಡಿಲು’ ಆಪ್ ಹಾಕಿಸಿ. ಗುಡುಗು ಕೇಳಿದರೆ ಬೇವಿನ ಮರದ ಕೆಳಗೆ ನಿಲ್ಲದೆ ಪಕ್ಕಾ ಮನೆಗೆ ಹೋಗಲು ಹೇಳಿ. ಚೌಕಟ್ಟು ಸುತ್ತಿದ ಮೇಲೆ ಫೋಟೋ ಹಾಕಿ, ಆಂಪ್ಲಿಫೈಯರ್ ಸರ್ಕ್ಯೂಟ್ ನಾನು ಬರೆದು ಕಳಿಸುತ್ತೇನೆ.