ನಾನ್‌ರಿನ್ಯೂವಲ್ ಕಾಗದ ಬಂದವರಿಗೆ: 75 ದಿನದೊಳಗೆ ಆಗಬೇಕಾದ ಕೆಲಸ

ಮನೆ 14 (ಅಡ್ಮಿನ್)
ಎಲ್ಲರಿಗೂ ನಮಸ್ಕಾರ. ಗುಡ್ಡಕ್ಕೆ ಬೆನ್ನು ಮಾಡಿರುವ ಎರಡೂ ಸಾಲಿನ ಮನೆಗಳಿಗೆ ವಿಮೆ ಮುಂದುವರಿಸಲ್ಲ ಅನ್ನೋ ಕಾಗದ ಬರ್ತಾ ಇದೆ. ಬೈಯೋಕೆ ಬೇರೆ ಥ್ರೆಡ್ ಇದೆ, ಇಲ್ಲಿ ಕೆಲಸದ ಮಾತು ಮಾತ್ರ ಇರಲಿ.

ಕ್ಯಾಲಿಫೋರ್ನಿಯಾದಲ್ಲಿ ಪಾಲಿಸಿ ಮುಗಿಯೋ ಕನಿಷ್ಠ 75 ದಿನ ಮುಂಚೆ ನೋಟಿಸ್ ಕೊಡಬೇಕು, ಕಾರಣವನ್ನೂ ಬರೀಬೇಕು. ಲಕೋಟೆ ಎಸೆಯಬೇಡಿ, ಅಂಚೆ ಮುದ್ರೆಯ ತಾರೀಖು ಕಾಣೋ ಹಾಗೆ ಫೋಟೋ ತೆಗೆದಿಡಿ. ಕಾರಣದ ಜಾಗದಲ್ಲಿ 'ಕಾಡ್ಗಿಚ್ಚಿನ ಅಪಾಯ' ಅಂತ ಎರಡು ಪದ ಗೀಚಿ ಕೈತೊಳೆದುಕೊಂಡಿದ್ದರೆ ಅಷ್ಟಕ್ಕೆ ಸುಮ್ಮನಾಗಬೇಡಿ. ನಮ್ಮ ಮನೆಯ ವೈಲ್ಡ್‌ಫೈರ್ ಸ್ಕೋರ್ (ಕಾಡ್ಗಿಚ್ಚಿನ ಅಪಾಯಕ್ಕೆ ಕಂಪನಿ ಹಾಕೋ ಅಂಕ) ಎಷ್ಟು, ಒಟ್ಟು ಎಷ್ಟರಲ್ಲಿ ಎಷ್ಟು, ಯಾವ ಯಾವ ಅಂಶದಿಂದ ಏರಿದೆ, ಏನು ಮಾಡಿದರೆ ಇಳಿಯುತ್ತೆ ಅಂತ ಇಮೇಲ್‌ನಲ್ಲಿ ಕೇಳಿ. 2022ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ನಿಯಮದ ಪ್ರಕಾರ ದರಕ್ಕೆ ಬಳಸಿದ ಸ್ಕೋರನ್ನು ತಿಳಿಸಲೇಬೇಕು, ನೀವು ಮೇಲ್ಮನವಿ ಹಾಕಲೂಬಹುದು. ಮೇಲ್ಮನವಿ ಸಿಕ್ಕಿದೆ ಅಂತ 10 ದಿನದಲ್ಲಿ, ತೀರ್ಮಾನ ಏನು ಅಂತ 30 ದಿನದಲ್ಲಿ ಉತ್ತರ ಬರಬೇಕು. ಫೋನಲ್ಲಿ ಕೇಳಿದರೆ ಯಾವ ದಾಖಲೆಯೂ ಉಳಿಯಲ್ಲ.

ಮನೆ 5
ಒಂದು ತಿದ್ದುಪಡಿ ಸರ್. ಆ ಮೇಲ್ಮನವಿ ಪ್ರೀಮಿಯಂ ಲೆಕ್ಕಕ್ಕೆ ಮಾತ್ರ. ರಿನ್ಯೂ ಮಾಡಲೇಬೇಕು ಅಂತ ಅದರಿಂದ ಪಟ್ಟು ಹಿಡಿಯೋಕೆ ಆಗಲ್ಲ. ಆದರೂ ಹಾಕಿ. ಎಷ್ಟೋ ಸಲ ಅವರ ಹತ್ತಿರ ಇರೋದು ಹಳೇ ಉಪಗ್ರಹ ಚಿತ್ರ. ಕಡಿದು ಹಾಕಿದ ಮರ ಅದರಲ್ಲಿ ಇನ್ನೂ ನಿಂತಿರುತ್ತೆ, ಪಕ್ಕದ ಮನೆಯವರ ಶೆಡ್ ನಿಮ್ಮ ಲೆಕ್ಕಕ್ಕೆ ಸೇರಿರುತ್ತೆ. ಸ್ಕೋರ್ ಹಾಳೆ ಕೈಯಲ್ಲಿದ್ದರೆ ಬೇರೆ ಕಂಪನಿ ಹತ್ತಿರ ಹೋದಾಗಲೂ ಏನನ್ನು ಸರಿಮಾಡಬೇಕು ಅನ್ನೋದು ಗೊತ್ತಿರುತ್ತೆ.

ಮನೆ 9
ಇಲ್ಲಿ ಯಾರೂ ಒಂದು ಕ್ಲೇಮ್ ಹಾಕಿಲ್ಲ. ಕಂತು ಕಟ್ಟಿಸಿಕೊಂಡು ಈಗ ಹೊರಗೆ ಹಾಕೋದು ಅಂದ್ರೆ? ಸರ್ಕಾರ ಕಣ್ಣು ಮುಚ್ಚಿ ಕೂತಿದೆಯಾ? ಪ್ರಪೊಸಿಷನ್ 103 ಅಂತ ಒಂದಿದೆಯಲ್ಲ, ಅದು ಯಾವ ಪುರುಷಾರ್ಥಕ್ಕೆ?

ಮನೆ 22
103 ಹಿಡಿತ ಇಟ್ಟಿರೋದು ದರದ ಮೇಲೆ. ನಿಮ್ಮ ಮನೆಗೆ ವಿಮೆ ಕೊಡಬೇಕು ಅಂತ ಅದು ಹೇಳಲ್ಲ. ಗಂಟು ಬಿದ್ದಿರೋದೇ ಅಲ್ಲಿ.

1988ರ ನವೆಂಬರ್‌ನಲ್ಲಿ ಜನರೇ ಮತ ಹಾಕಿ ತಂದ ಕಾನೂನು ಅದು. ದರ ಏರಿಸೋ ಮುಂಚೆ ರಾಜ್ಯದ ವಿಮಾ ಕಮಿಷನರ್ ಒಪ್ಪಿಗೆ ಬೇಕು. ಆ ಕಮಿಷನರನ್ನೂ ಗವರ್ನರ್ ನೇಮಿಸಲ್ಲ, ಜನರೇ ಆರಿಸ್ತಾರೆ. ಏರಿಕೆ 7% ದಾಟಿದರೆ ಗ್ರಾಹಕರ ಪರ ಸಂಘಟನೆಗಳು ವಿಚಾರಣೆಗೆ ಪಟ್ಟು ಹಿಡಿಯಬಹುದು. ಅದಕ್ಕೇ ವರ್ಷಾನುಗಟ್ಟಲೆ ಅರ್ಜಿಗಳೆಲ್ಲ 6.9% ಅಂತಲೇ ಬರ್ತಾ ಇದ್ದವು, ಬಾಟಾ ಚಪ್ಪಲಿ ಬೆಲೆ ಥರ. ದೊಡ್ಡ ಬೆಂಕಿಗಳ ಹೊರೆಯನ್ನು ಹಿಂದಿನ 20 ವರ್ಷವಾದರೂ ನೋಡಿ, ಅದರ ಸರಾಸರಿಯಿಂದ ಹಾಕಬೇಕಿತ್ತು. ಮುಂದೇನಾಗಬಹುದು ಅನ್ನೋ ಮಾಡೆಲ್ ಬಳಸೋ ಹಾಗಿರಲಿಲ್ಲ, ರೀಇನ್ಶೂರೆನ್ಸ್ (ವಿಮಾ ಕಂಪನಿಗಳು ತಮಗೇ ಮಾಡಿಸಿಕೊಳ್ಳೋ ವಿಮೆ) ಖರ್ಚನ್ನು ಸೇರಿಸೋ ಹಾಗೂ ಇರಲಿಲ್ಲ. 2017, 2018ರ ಬೆಂಕಿಗಳಾದ ಮೇಲೆ ಕಂಪನಿಗಳು ದರದ ಜಗಳ ಬಿಟ್ಟು ಮನೆಗಳನ್ನೇ ಬಿಡೋಕೆ ಶುರುಮಾಡಿದವು. 2023ರ ಮೇಯಲ್ಲಿ ಸ್ಟೇಟ್ ಫಾರ್ಮ್ ಜನರಲ್ ಅನ್ನೋ ವಿಮಾ ಕಂಪನಿ ಹೊಸ ಅರ್ಜಿ ತಗೊಳ್ಳೋದನ್ನೇ ನಿಲ್ಲಿಸಿತು. ಲಾಸ್ ಏಂಜಲೀಸ್ ಬೆಂಕಿ ಆದಮೇಲೆ, 2025ರ ಮೇಯಲ್ಲಿ, ಅದೇ ಕಂಪನಿಗೆ ಮನೆ ವಿಮೆಯಲ್ಲಿ ಸರಾಸರಿ 17% ತುರ್ತು ಏರಿಕೆ ಸಿಕ್ಕಿತು.

ಕಮಿಷನರ್ ರಿಕಾರ್ಡೊ ಲಾರಾ 2023ರ ಸೆಪ್ಟೆಂಬರ್‌ನಲ್ಲಿ ಹೇಳಿ, 2024ರ ಕೊನೆಗೆ ನಿಯಮ ಮಾಡಿದ ಒಪ್ಪಂದ ಹೀಗಿದೆ: ಮಾಡೆಲ್ ಬಳಸಿ, ರೀಇನ್ಶೂರೆನ್ಸ್ ಖರ್ಚೂ ಹಾಕಿ, ಬದಲಿಗೆ ಬೆಂಕಿ ಭಯದ ಪ್ರದೇಶಗಳಲ್ಲಿ ನಿಮ್ಮ ರಾಜ್ಯ ಪಾಲಿನ 85% ಆದರೂ ಮನೆಗಳಿಗೆ ವಿಮೆ ಕೊಡಿ. ರಾಜ್ಯದಲ್ಲಿ 100ಕ್ಕೆ 20 ಮನೆ ಅವರದಾದರೆ, ಅಲ್ಲಿ 100ಕ್ಕೆ 17 ಇರಬೇಕು. ಒಂದೇ ಏಟಿಗೆ ಅಲ್ಲ, ಎರಡೆರಡು ವರ್ಷಕ್ಕೆ ಸ್ವಲ್ಪ ಸ್ವಲ್ಪ. ಅಂದರೆ ನಮಗೆ ಮೊದಲು ಬರೋದು ಏರಿದ ಬಿಲ್, ವಿಮೆ ಆಮೇಲೆ. ನನ್ನ ಪ್ರಕಾರ ಇದರ ದುರ್ಬಲ ಜಾಗವೇ ಅದು.

ಈಗ ರಾಜ್ಯದ ವಿಮಾ ಇಲಾಖೆಯ ವೆಬ್‌ಸೈಟ್‌ಗೆ ಹೋಗಿ, ಆ ಪ್ರದೇಶಗಳ ಪಟ್ಟಿಯಲ್ಲಿ ನಮ್ಮ ಜಿಪ್ ಕೋಡ್ ಇದೆಯಾ ನೋಡಬೇಕು. ಇದ್ದರೆ 85% ಲೆಕ್ಕದಲ್ಲಿ ನಾವೂ ಬರ್ತೀವಿ. ಇಲ್ಲದಿದ್ದರೆ ಸ್ಕೋರ್ ಜಾಸ್ತಿ, ರಕ್ಷಣೆ ಇಲ್ಲ ಅನ್ನೋ ನಡುಗಡ್ಡೆಯಲ್ಲಿ ಸಿಕ್ಕಿಬಿದ್ದಿದ್ದೀವಿ ಅಂತ ಅರ್ಥ, ಪತ್ರ ಬರೆಯೋದಾದರೆ ಇದೊಂದೇ ವಿಷಯಕ್ಕೆ ಬರೀಬೇಕು. ಲಾರಾ ಅವರ ಎರಡನೇ ಅವಧಿ 2027ರ ಜನವರಿಗೆ ಮುಗಿಯುತ್ತೆ, 2026ರ ನವೆಂಬರ್ ಚುನಾವಣೆಯಲ್ಲಿ ಹೊಸಬರು ಬರ್ತಾರೆ. ಮತದಾರರಾಗಿರುವವರು ಅಭ್ಯರ್ಥಿಗಳ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಯೂ ಇದೇ.

ಮನೆ 9
ಬೆಂಕಿ ಆದಮೇಲೆ ಒಂದು ವರ್ಷ ಯಾರನ್ನೂ ಕೈಬಿಡಬಾರದು ಅಂತ ಕಾನೂನಿದೆಯಲ್ಲ?

ಮನೆ 22
ಇದೆ, 2018ರ ಎಸ್‌ಬಿ 824. ಆದರೆ ತುರ್ತುಸ್ಥಿತಿ ಘೋಷಣೆಯಾದ ಬೆಂಕಿಯ ಒಳಗಿನ ಮತ್ತು ಅದಕ್ಕೆ ತಾಗಿರೋ ಜಿಪ್ ಕೋಡ್‌ಗಳಿಗೆ ಮಾತ್ರ. ನಮಗೆ ಈಗ ಅನ್ವಯಿಸಲ್ಲ.

ಮನೆ 31
ರಾಜಕೀಯ ನಡೀತಾ ಇರಲಿ, ನಾನು ಮನೆಯ ಬುಡದ ವಿಷಯಕ್ಕೆ ಬರ್ತೀನಿ.

ಗುಡ್ಡದ ಒಣಹುಲ್ಲು ಹತ್ತಿದರೆ ಬೆಂಕಿಗಿಂತ ಎಷ್ಟೋ ಮುಂಚೆ ಕಿಡಿ ಹಾರಿ ಬರುತ್ತೆ. ಗೋಡೆಗೆ ಬಡಿದು ಜಾರಿ ಬುಡದಲ್ಲಿ ಗುಡ್ಡೆಯಾಗುತ್ತೆ. ಅಲ್ಲಿ ಮರದ ಚಕ್ಕೆಯ ಮಲ್ಚ್ ಇದ್ದರೆ ಕಥೆ ಮುಗೀತು. ಆದ್ದರಿಂದ ಗೋಡೆಯಿಂದ ಹೊರಕ್ಕೆ 5 ಅಡಿ ಸುತ್ತಲೂ ಉರಿಯೋದು ಏನೂ ಇರಬಾರದು. ಇದಕ್ಕೆ ಝೋನ್ ಝೀರೋ ಅಂತಾರೆ. 2020ರಲ್ಲೇ ಕಾನೂನು ಆಯ್ತು, 2023ರ ಜನವರಿ 1ಕ್ಕೆ ಬರಬೇಕಿದ್ದ ನಿಯಮ ಬರಲಿಲ್ಲ, 2025ರ ಫೆಬ್ರವರಿಯಲ್ಲಿ ಗವರ್ನರ್ ಬೇಗ ಮುಗಿಸಿ ಅಂತ ಆದೇಶ ಕೊಡಬೇಕಾಯ್ತು. ಅದಕ್ಕೆ ಕಾಯಬೇಡಿ. ವಿಮಾ ಇಲಾಖೆಯ 'ಸೇಫರ್ ಫ್ರಮ್ ವೈಲ್ಡ್‌ಫೈರ್ಸ್' ಪಟ್ಟಿಯಲ್ಲಿ ಈ 5 ಅಡಿ ಆಗಲೇ ಇದೆ, ಆ ಪಟ್ಟಿಯ ಕೆಲಸಗಳಿಗೆ ಕಂಪನಿಗಳು ರಿಯಾಯಿತಿ ಕೊಡಲೇಬೇಕು.

ಮಲ್ಚ್ ತೆಗೆದು ಜಲ್ಲಿ ಅಥವಾ ಪೇವರ್ ಹಾಕಿ. ಜೂನಿಪರ್, ಇಟಾಲಿಯನ್ ಸೈಪ್ರೆಸ್ ಗೋಡೆ ಹತ್ತಿರ ಬೇಡವೇ ಬೇಡ. ಹೊರಗೆ ಹಸಿರು ಕಂಡರೂ ಒಳಗೆ ಕೈ ಹಾಕಿ ನೋಡಿ, ಪೂರಾ ಒಣಗಿದ ಕಡ್ಡಿ. ಮರದ ಬೇಲಿ ಮನೆಗೆ ತಾಗಿದ್ದರೆ ಅದೇ ಬೆಂಕಿಗೆ ಬತ್ತಿ. ಪೂರ್ತಿ ಬೇಲಿ ಬದಲಿಸೋ ದುಡ್ಡಿಲ್ಲದಿದ್ದರೆ ಗೋಡೆಗೆ ತಾಗುವ ಕೊನೆಯ 5 ಅಡಿಯನ್ನಾದರೂ ಲೋಹದ್ದು ಮಾಡಿ, ಪಕ್ಕದ ಗೇಟ್ ಸಾಮಾನ್ಯವಾಗಿ ಅಲ್ಲೇ ಇರುತ್ತೆ. ಗೋಡೆಯ ಕೆಳಗಿನ 6 ಇಂಚು ಉರಿಯದ ವಸ್ತು ಕಾಣಬೇಕು. ಎಷ್ಟೋ ಮನೆಗಳಲ್ಲಿ ಕಾಂಕ್ರೀಟ್ ಇದೆ, ಹೂವಿನ ಪಾತಿಗೆ ಮಣ್ಣು ಏರಿಸಿ ಏರಿಸಿ ಅದನ್ನು ಮುಚ್ಚಿಬಿಟ್ಟಿದ್ದೀವಿ. ಸಲಿಕೆ ತಗೊಂಡರೆ ಅರ್ಧ ದಿನದ ಕೆಲಸ.

ನಮ್ಮವರಿಗೇ ಅಂತ ಇನ್ನೊಂದು ಮಾತು. ಮುಂಬಾಗಿಲ ಹತ್ತಿರ ತೆಂಗಿನ ನಾರಿನ ಕಾಲೊರಸು, ಮೇಲೆ ಯುಗಾದಿಗೆ ಕಟ್ಟಿ ದೀಪಾವಳಿವರೆಗೂ ಬಿಟ್ಟ ಮಾವಿನ ಎಲೆ ತೋರಣ. ಮುಟ್ಟಿದರೆ ಹಪ್ಪಳದ ಹಾಗೆ ಪುಡಿಯಾಗುತ್ತೆ. ಹಬ್ಬ ಮುಗಿದ ಮೇಲೆ ಬಿಚ್ಚಿ. ತುಳಸಿ ಕಟ್ಟೆ ಸಿಮೆಂಟಿನದ್ದಾದರೆ ಇರಲಿ, ಒಣಗಿದ ಕಡ್ಡಿ ಮಾತ್ರ ಕಿತ್ತುಹಾಕಿ.

ಇನ್ನು ವೆಂಟ್, ಅಂದರೆ ಅಟ್ಟಕ್ಕೆ ಗಾಳಿ ಆಡೋ ಕಿಂಡಿ. ಹಳೇ ಮನೆಗಳಲ್ಲಿ ಕಾಲು ಇಂಚಿನ ಜಾಲರಿ ಇರುತ್ತೆ, ಕಿಡಿ ಆರಾಮಾಗಿ ಅಟ್ಟದೊಳಗೆ ಹೋಗುತ್ತೆ. ಬೇಕಾಗಿರೋದು 1/16ರಿಂದ 1/8 ಇಂಚಿನ ತುಕ್ಕು ಹಿಡಿಯದ ಲೋಹದ ಜಾಲರಿ, ಇಲ್ಲವೇ ಸ್ಟೇಟ್ ಫೈರ್ ಮಾರ್ಷಲ್ ಪಟ್ಟಿಯಲ್ಲಿರುವ ಕಿಡಿನಿರೋಧಕ ವೆಂಟ್. ಇಲ್ಲಿ ಎಡವೋದು ಮೂರು ಕಡೆ. ಸೂರಿನ ಕೆಳಗಿನದನ್ನು ಬದಲಿಸಿ, ತ್ರಿಕೋನ ಗೋಡೆಯದನ್ನೂ ಛಾವಣಿ ಮೇಲಿನದನ್ನೂ ಮರೀತಾರೆ. ಸಣ್ಣ ಜಾಲರಿ ಹಾಕಿದಾಗ ಗಾಳಿ ಹೋಗೋ ಜಾಗ ಕಮ್ಮಿಯಾಗುತ್ತೆ, ಅದನ್ನು ಲೆಕ್ಕ ಹಾಕಿ ವೆಂಟ್ ಹೆಚ್ಚಿಸದಿದ್ದರೆ ಅಟ್ಟದಲ್ಲಿ ತೇವ ನಿಂತು ಬೂಷ್ಟು ಹಿಡಿಯುತ್ತೆ. ಬಟ್ಟೆ ಡ್ರೈಯರ್‌ನ ವೆಂಟ್‌ಗೆ ಮಾತ್ರ ಜಾಲರಿ ಹಾಕಲೇಬೇಡಿ. ಬಟ್ಟೆಯ ಎಳೆ ಕಟ್ಟಿಕೊಂಡು ಅಲ್ಲೇ ಬೆಂಕಿ ಹುಟ್ಟುತ್ತೆ. ಅಲ್ಲಿಗೆ ತಾನಾಗಿ ಮುಚ್ಚಿಕೊಳ್ಳೋ ಲೋಹದ ಫ್ಲಾಪ್ ಸಾಕು.

ಪ್ರತಿ ಕೆಲಸಕ್ಕೂ ಮುಂಚೆ ಒಂದು, ಆಮೇಲೆ ಒಂದು ಫೋಟೋ ತೆಗೀರಿ, ಅಳತೆ ಟೇಪ್ ಕಾಣೋ ಹಾಗೆ. ರಸೀದಿ ಮತ್ತು ವೆಂಟಿನ ಡಬ್ಬದ ಮೇಲಿನ ಲಿಸ್ಟಿಂಗ್ ನಂಬರ್ ಜೋಪಾನ.

ಮನೆ 5
ಯಾರೂ ವಿಮೆ ಕೊಡದಿದ್ದರೆ ಕೊನೆಗೆ ಉಳಿಯೋದು ಫೇರ್ ಪ್ಲಾನ್. 1968ರಿಂದ ಇದೆ. ಎಲ್ಲರೂ ಅದನ್ನು ಸರ್ಕಾರಿ ಅಂದುಕೊಂಡಿದ್ದಾರೆ, ಅಲ್ಲ. ರಾಜ್ಯದಲ್ಲಿ ವ್ಯಾಪಾರ ಮಾಡೋ ಆಸ್ತಿ ವಿಮಾ ಕಂಪನಿಗಳೆಲ್ಲ ಸೇರಿ ನಡೆಸೋದು. ಮನೆಗೆ ಮಿತಿ 30 ಲಕ್ಷ ಡಾಲರ್. ಮೂಲ ಪಾಲಿಸಿಯಲ್ಲಿ ಬೆಂಕಿ, ಸಿಡಿಲು, ಮನೆಯೊಳಗಿನ ಸ್ಫೋಟ, ಹೊಗೆ ಇಷ್ಟೇ. ಪೈಪ್ ಒಡೆದರೆ ಇಲ್ಲ, ಕಳ್ಳತನಕ್ಕೆ ಇಲ್ಲ, ನಿಮ್ಮ ಮೆಟ್ಟಿಲಲ್ಲಿ ಯಾರಾದರೂ ಜಾರಿ ಬಿದ್ದು ಕೇಸ್ ಹಾಕಿದರೂ ಇಲ್ಲ. ಅದಕ್ಕೆ ಜೊತೆಯಲ್ಲಿ ಡಿಐಸಿ ಅನ್ನೋ ಎರಡನೇ ಪಾಲಿಸಿ ಬೇಕು. ಎರಡೂ ಒಂದೇ ದಿನ ಶುರುವಾಗಬೇಕು, ನಡುವೆ ಒಂದು ದಿನವೂ ಖಾಲಿ ಬಿಡಬೇಡಿ. ಖಾಲಿ ಬಿಟ್ಟರೆ ಸಾಲ ಕೊಟ್ಟ ಬ್ಯಾಂಕೇ ತನ್ನ ಕಡೆಯಿಂದ ವಿಮೆ ಮಾಡಿಸಿ ನಿಮ್ಮ ಕಂತಿಗೆ ಹಾಕುತ್ತೆ. ದುಬಾರಿ, ಕಾಪಾಡೋದೂ ಬ್ಯಾಂಕಿನ ಸಾಲವನ್ನೇ.

ಅರ್ಜಿಯಲ್ಲಿ ಒಂದು ಕಡೆ ಹುಷಾರು. 'ರಿಪ್ಲೇಸ್‌ಮೆಂಟ್ ಕಾಸ್ಟ್' ಅಂತ ಆರಿಸದಿದ್ದರೆ ಸವಕಳಿ ಕಳೆದು ಕೊಡ್ತಾರೆ, ಹಳೇ ಛಾವಣಿಗೆ ಪುಡಿಗಾಸು ಸಿಗುತ್ತೆ. ಕಟ್ಟಡದ ಮೊತ್ತ ಅಂದರೆ ಮತ್ತೆ ಕಟ್ಟೋಕೆ ತಗಲುವ ಖರ್ಚು. ಝಿಲೋ ಅನ್ನೋ ಮನೆ ಮಾರಾಟದ ಜಾಲತಾಣದಲ್ಲಿ ತೋರಿಸೋ ಬೆಲೆಯಲ್ಲಿ ಜಾಗದ ಬೆಲೆಯೂ ಸೇರಿರುತ್ತೆ, ಅದನ್ನು ಹಾಕಬೇಡಿ. ಹೊಸ ಕಟ್ಟಡ ನಿಯಮಕ್ಕೆ ತಕ್ಕಂತೆ ಕಟ್ಟುವ ಹೆಚ್ಚುವರಿ ಖರ್ಚಿಗೆ 'ಆರ್ಡಿನೆನ್ಸ್ ಆರ್ ಲಾ' ಅನ್ನೋದನ್ನೂ ಕೇಳಿ ಸೇರಿಸಿ.

ಫೇರ್ ಪ್ಲಾನ್‌ಗೆ ಹೋಗದವರಿಗೂ ಅದರ ಬಿಸಿ ತಪ್ಪಿದ್ದಲ್ಲ. 2025ರ ಫೆಬ್ರವರಿಯಲ್ಲಿ ಅದು ಸದಸ್ಯ ಕಂಪನಿಗಳಿಂದ 100 ಕೋಟಿ ಡಾಲರ್ ವಸೂಲಿ ಮಾಡಿತು. ಅದರಲ್ಲಿ ಅರ್ಧ ಪಾಲಿಸಿದಾರರ ಮೇಲೆ ಹಾಕಬಹುದು. ಬಿಲ್‌ನಲ್ಲಿ ಆ ಶುಲ್ಕದ ಸಾಲು ಬೇರೆಯಾಗಿ ಇದೆಯಾ ನೋಡಿ.

ಮನೆ 14 (ಅಡ್ಮಿನ್)
ಒಟ್ಟಾಗಿ ಆಗಬೇಕಾದ್ದು ಫೈರ್‌ವೈಸ್ ಮಾನ್ಯತೆ, ಅಂದರೆ ಬೆಂಕಿ ಅಪಾಯ ತಗ್ಗಿಸೋಕೆ ಒಟ್ಟಾಗಿ ಕೆಲಸ ಮಾಡೋ ಬಡಾವಣೆ ಅನ್ನೋ ಗುರುತು. ಕನಿಷ್ಠ 8 ಮನೆ ಇದ್ದರೆ ಸಾಕು. ಒಂದು ಸಮಿತಿ, ಅಪಾಯದ ಸಮೀಕ್ಷೆ, ಮೂರು ವರ್ಷದ ಕೆಲಸದ ಯೋಜನೆ, ವರ್ಷಕ್ಕೊಂದು ತಿಳುವಳಿಕೆ ಸಭೆ, ಮನೆಗೆ ವರ್ಷಕ್ಕೆ ಒಂದು ಗಂಟೆಯ ಶ್ರಮ ಅಥವಾ ಅದರ ಬೆಲೆಯ ಖರ್ಚು. ಇದು ಬಂದರೆ ಪ್ರತಿ ಮನೆಯೂ ರಿಯಾಯಿತಿ ಕೇಳಬಹುದು. ಬೇಲಿ ಹಿಂದಿನ ಸಾಮೂಹಿಕ ಇಳಿಜಾರು ಮನೆ ಮಾಲೀಕರ ಸಂಘವಾದ ಎಚ್‌ಓಎಗೆ ಸೇರಿದ್ದು, ಹುಲ್ಲು ಕತ್ತರಿಸಿದ ಬಿಲ್‌ಗಳನ್ನು ಅವರಿಂದಲೇ ಪಡೆಯೋಣ.

ಕಂಪನಿ ಉತ್ತರವನ್ನೇ ಕೊಡದಿದ್ದರೆ ಇಲಾಖೆಗೆ ಆನ್‌ಲೈನ್ ದೂರು ಕೊಡಿ, ಪುಕ್ಕಟೆ. ಇಲಾಖೆ ಕೇಳಿದರೆ 21 ದಿನದೊಳಗೆ ಅವರು ಉತ್ತರಿಸಬೇಕು. ದೂರಿಗೆ ನಿಮ್ಮ ಸ್ಕೋರ್ ಇಮೇಲ್ ಲಗತ್ತಿಸಿ.

ಮನೆ 9
ಸರಿ, ಪಕ್ಕದ ಗೇಟ್ ಲೋಹದ್ದು ಮಾಡಿಸ್ತೀನಿ. ಎಚ್‌ಓಎ ಮರದ್ದೇ ಇರಬೇಕು ಅಂತ ತಕರಾರು ಮಾಡಿದರೆ?

ಮನೆ 31
ಒಬ್ಬೊಬ್ಬರೇ ಕೇಳಬೇಡಿ ಅಣ್ಣ. ಗೇಟು, ಬೇಲಿಯ 5 ಅಡಿ, ಜಲ್ಲಿಯ ಬಣ್ಣ ಮೂರಕ್ಕೂ ಒಂದೇ ಮಾದರಿ ಮಾಡಿ, ಎರಡೂ ಸಾಲಿನವರ ಸಹಿಯ ಜೊತೆ ಸಂಘದ ಆರ್ಕಿಟೆಕ್ಚರ್ ಸಮಿತಿಗೆ ಕೊಡೋಣ. ನಕ್ಷೆ ನಾನು ಮಾಡ್ತೀನಿ. ನಿಮ್ಮ ಗೇಟಿನ ಅಗಲ, ಎತ್ತರ, ಅದು ಯಾವ ಕಡೆ ತೆರೆಯುತ್ತೆ ಅಂತ ಇಲ್ಲೇ ಹಾಕಿ.