ಆಡಿನ ಹಾಲಿನ ಸೋಪು: ಜಾತ್ರೆಯಲ್ಲಿ ಮಾರಲು ಲೈಸೆನ್ಸ್ ಬೇಕಾ?

ಮುಂಡರಗಿ ಸೊಸೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮುಂಡರಗಿ ತಾಲೂಕಿನ ಒಂದು ಹಳ್ಳಿ ನಮ್ಮದು. ಮನೆಯಲ್ಲಿ ಉಸ್ಮಾನಾಬಾದಿ ಆಡುಗಳಿವೆ. ಮರಿಗಳು ಮೇವು ತಿನ್ನಲು ಶುರು ಮಾಡಿದ ಮೇಲೆ ಹಾಲು ಉಳಿಯುತ್ತದೆ. ನಮ್ಮೂರ ಡೈರಿಯಲ್ಲಿ ಆಡಿನ ಹಾಲು ಹಾಕಿಸಿಕೊಳ್ಳುವುದಿಲ್ಲ. ಅತ್ತೆಯವರಿಗೆ ಆ ಹಾಲಿನ ಚಹಾ ಅಂದರೆ ಪ್ರಾಣ, ಆದರೂ ಹಾಲು ಮಿಗುತ್ತದೆ.

ಧಾರವಾಡದ ಕೃಷಿ ಮೇಳದಲ್ಲಿ ಆಡಿನ ಹಾಲಿನ ಸೋಪು ನೋಡಿದ ಮೇಲೆ ನಾನೂ ಕಲಿತೆ. ಮನೆಯವರು, ಓಣಿಯವರು ಬಳಸುತ್ತಿದ್ದಾರೆ. ಈಗ ನಮ್ಮ ಸಂಘದವರು ಗದಗಿನ ತೋಂಟದಾರ್ಯ ಮಠದ ಜಾತ್ರೆಯಲ್ಲಿ ಅಂಗಡಿ ಹಾಕೋಣ, ನಿನ್ನ ಸೋಪು ಇಡು ಅನ್ನುತ್ತಿದ್ದಾರೆ. ಒಬ್ಬರು ಉದ್ಯಮ್ ನೋಂದಣಿ ಸಾಕು ಅಂತಾರೆ. ಇನ್ನೊಬ್ಬರು ಹಾಲು ಇದೆಯಲ್ಲ, ಆಹಾರದ ಲೈಸೆನ್ಸ್ ಬೇಕು ಅಂತಾರೆ. ಯಾವುದು ನಿಜ?

ಇನ್ನೆರಡು ಸಂಶಯ. ಬೇಸಿಗೆಯಲ್ಲಿ ಮಾಡಿದ ಸೋಪು ಕಂದು ಬಣ್ಣಕ್ಕೆ ತಿರುಗುತ್ತದೆ, ಯಾಕೆ? ನಮ್ಮ ಕಡೆ ಗಾಣದ ಕುಸುಬಿ ಎಣ್ಣೆ ಚೆನ್ನಾಗಿ ಸಿಗುತ್ತದೆ. ಪೂರ್ತಿ ಅದರಲ್ಲೇ ಮಾಡಬಹುದಾ?

ಹುಬ್ಬಳ್ಳಿ ಹುಡುಗ ಬರೆದದ್ದು:

ಅಕ್ಕಾ, ಉದ್ಯಮ್ ಆನ್‌ಲೈನ್‌ನಲ್ಲಿ ಪುಕ್ಕಟೆ ಆಗುತ್ತದೆ. ಅದನ್ನು ಮಾಡಿಸಿ ಮಾರಿಬಿಡಿ. ಜಾತ್ರೆಯಲ್ಲಿ ಯಾರು ಕೇಳ್ತಾರೆ? ಸೋಪ್ ಬೇಸ್, ಅಂದರೆ ಮೊದಲೇ ತಯಾರಾದ ಸೋಪಿನ ಗಟ್ಟಿ, ತಂದು ಕರಗಿಸಿ ಅಚ್ಚಿಗೆ ಹಾಕಿದರೆ ಎಣ್ಣೆಯನ್ನು ಸೋಪು ಮಾಡುವ ಕಾಸ್ಟಿಕ್ ಸೋಡಾದ ಗೊಡವೆಯೂ ಇಲ್ಲ, ಲೈಸೆನ್ಸೂ ಬೇಕಾಗಿಲ್ಲ ಅಂತ ಕೇಳಿದ್ದೇನೆ.

ಸವಣೂರು ಸೋಪಿನಕ್ಕ ಬರೆದದ್ದು:

ತಮ್ಮಾ, ನೀವು ಒಳ್ಳೇ ಮನಸ್ಸಿನಿಂದಲೇ ಹೇಳಿದ್ದೀರಿ. ಆದರೆ ಎರಡೂ ಮಾತು ತಪ್ಪು. ಒಬ್ಬ ಹೆಣ್ಣುಮಗಳು ಇದನ್ನು ನಂಬಿ ಜಾತ್ರೆಯಲ್ಲಿ ಅಂಗಡಿ ಹಾಕುತ್ತಾಳೆ ಅಂದಾಗ ನನಗೆ ಸುಮ್ನೆ ಇರಲಾಗುವುದಿಲ್ಲ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಸೋಪಿನ ವಿಷಯ, ತಂಗಿ. ಬಣ್ಣ ಕಂದಾಗುವುದು ಹಾಲಿನಲ್ಲಿರುವ ಸಕ್ಕರೆಯಿಂದ. ಕಾಸ್ಟಿಕ್ ಸೋಡಾ ನೀರಿಗೋ ಹಾಲಿಗೋ ಬಿದ್ದಾಗ ಬಿಸಿ ಹುಟ್ಟುತ್ತದೆ. ಆ ಬಿಸಿಗೆ ಹಾಲಿನ ಸಕ್ಕರೆ ಸುಡುತ್ತದೆ. ಗದಗ ಸೀಮೆಯ ಏಪ್ರಿಲ್ ಬಿಸಿಲಲ್ಲಿ ಕೇಳಬೇಕಾ? ಅದಕ್ಕೇ ಹಾಲನ್ನು ಮೊದಲು ಫ್ರೀಜರಿನಲ್ಲಿ ಗಟ್ಟಿ ಮಾಡಿಕೊಳ್ಳಿ. ಐಸ್ ಟ್ರೇಯಲ್ಲಿ ಇಟ್ಟರೆ ಅನುಕೂಲ. ಸ್ಟೀಲ್ ಪಾತ್ರೆಗೆ ಆ ಹಾಲಿನ ಗಡ್ಡೆ ಹಾಕಿ, ಪಾತ್ರೆಯನ್ನು ತಣ್ಣೀರಿನ ಬುಟ್ಟಿಯಲ್ಲಿ ಇಟ್ಟು, ಕಾಸ್ಟಿಕ್ಕನ್ನು ಸ್ವಲ್ಪ ಸ್ವಲ್ಪವೇ ಉದುರಿಸುತ್ತಾ ಕಲಸಿ. ಯಾವಾಗಲೂ ಕಾಸ್ಟಿಕ್ ಹಾಲಿಗೆ ಬೀಳಬೇಕು, ಹಾಲು ಕಾಸ್ಟಿಕ್ ಮೇಲೆ ಅಲ್ಲ. ತಿಳಿ ಹಳದಿ ಬಂದರೆ ಸರಿ ಇದೆ. ಸ್ವಲ್ಪ ಅಮೋನಿಯಾ ವಾಸನೆ ಬಂದರೆ ಹೆದರಬೇಡಿ, ಸೋಪು ಆರುತ್ತಾ ಹೋಗಿ ಬಿಡುತ್ತದೆ. ಅಚ್ಚಿಗೆ ಹಾಕಿದ ಮೇಲೆ ಕಂಬಳಿ ಹೊದಿಸಬೇಡಿ. ಬೇಸಿಗೆಯಲ್ಲಿ ಒಂದು ದಿನ ಫ್ರಿಡ್ಜಿನಲ್ಲೇ ಇಡಿ.

ಕುಸುಬಿ ಎಣ್ಣೆ ಊಟಕ್ಕೆ ಎಷ್ಟು ಒಳ್ಳೆಯದೋ ಸೋಪಿಗೆ ಅಷ್ಟು ಅಲ್ಲ. ಅದು ಬೇಗ ಕಮಟು ಹಿಡಿಯುತ್ತದೆ. ಸೋಪಿನ ಮೇಲೆ ಕಿತ್ತಳೆ ಬಣ್ಣದ ಚುಕ್ಕೆ ಏಳುತ್ತವೆ. ಸೋಪೂ ಮೆತ್ತಗೆ. ಒಟ್ಟು ಎಣ್ಣೆಯಲ್ಲಿ ಹತ್ತನೇ ಒಂದು ಭಾಗ ಇದ್ದರೆ ಸಾಕು. ಕುಸುಬಿ ಇಲ್ಲದೆ ನಾನು ಮಾಡುವ ಅಳತೆ ಇದು: ಕೊಬ್ಬರಿ ಎಣ್ಣೆ 150 ಗ್ರಾಂ, ಪಾಮ್ ಎಣ್ಣೆ 200 ಗ್ರಾಂ, ಶೇಂಗಾ ಎಣ್ಣೆ 100 ಗ್ರಾಂ, ಔಡಲ ಎಣ್ಣೆ 50 ಗ್ರಾಂ. ಈ ಅರ್ಧ ಕಿಲೋ ಎಣ್ಣೆಗೆ ಕಾಸ್ಟಿಕ್ ಸೋಡಾ 72 ಗ್ರಾಂ, ಆಡಿನ ಹಾಲು 160 ಗ್ರಾಂ. ಇದರಲ್ಲಿ 5 ಪರ್ಸೆಂಟ್ ಎಣ್ಣೆ ಸೋಪಾಗದೆ ಉಳಿಯುತ್ತದೆ. ಮೈ ಬಿರಿಯದಿರುವುದು ಅದರಿಂದಲೇ. ಕೊಬ್ಬರಿ ಎಣ್ಣೆ ತೀರಾ ಕಡಿಮೆ ಮಾಡಬೇಡಿ, ನಮ್ಮ ಬೋರಿನ ಗಡಸು ನೀರಿನಲ್ಲಿ ನೊರೆ ಬರುವುದು ಅದರಿಂದ. ಒಂದು ಎಣ್ಣೆ ಬದಲಿಸಿದರೂ ಕಾಸ್ಟಿಕ್ ಲೆಕ್ಕ ಬದಲಾಗುತ್ತದೆ. ಒಂದು ಗ್ರಾಂ ಕೊಬ್ಬರಿ ಎಣ್ಣೆಗೆ ಸುಮಾರು 0.183 ಗ್ರಾಂ ಕಾಸ್ಟಿಕ್ ಬೇಕಾದರೆ ಶೇಂಗಾ ಎಣ್ಣೆಗೆ 0.136 ಸಾಕು. ಬಟ್ಟಲಲ್ಲಿ ಅಳೆಯಬೇಡಿ. ಎಲ್ಲವನ್ನೂ, ಹಾಲನ್ನೂ ಸಹ, ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ. ಕಾಸ್ಟಿಕ್ ಕಲಸಿದ ಹಾಲನ್ನು ಎಣ್ಣೆಗೆ ಬೆರೆಸಿ ಬ್ಲೆಂಡರ್ ಆಡಿಸಿದಾಗ ತೆಳು ಗಂಜಿಯ ಹದಕ್ಕೆ ಬಂದರೆ ಅಚ್ಚಿಗೆ ಸುರಿಯಬಹುದು. ಕತ್ತರಿಸಿದ ಮೇಲೆ ನೆರಳಲ್ಲಿ, ಗಾಳಿ ಆಡುವ ಕಡೆ 4ರಿಂದ 6 ವಾರ ಆರಲಿ.

ಜರ್ಮನ್ ಪಾತ್ರೆ ಮುಟ್ಟಲೇಬೇಡಿ. ಕಾಸ್ಟಿಕ್ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ, ಹೈಡ್ರೋಜನ್ ಗ್ಯಾಸ್ ಏಳುತ್ತದೆ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ, ಮಕ್ಕಳು ಹೊರಗಿರಲಿ. ಮೈಮೇಲೆ ಬಿದ್ದರೆ ನಲ್ಲಿ ಬಿಟ್ಟು 15-20 ನಿಮಿಷ ತೊಳೆಯಬೇಕು. ನಿಂಬೆರಸ, ವಿನಿಗರ್ ಹಚ್ಚಬಾರದು. ಕಣ್ಣಿಗೆ ಬಿದ್ದರೆ ತೊಳೆದು ನೇರ ಆಸ್ಪತ್ರೆಗೆ.

ಈಗ ಮಾರುವ ಮಾತು. ಮನೆಗೆ ಮಾಡಿಕೊಳ್ಳಲು ಯಾರ ಅಪ್ಪಣೆಯೂ ಬೇಡ. ಮಾರಲು ಮಾಡಿದರೆ ಅದು ಕಾನೂನಿನ ಪ್ರಕಾರ ಸೌಂದರ್ಯವರ್ಧಕ, ಅಂದರೆ ಕಾಸ್ಮೆಟಿಕ್. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯಲ್ಲಿ ಮೈ ಶುಚಿ ಮಾಡಲು ಹಚ್ಚುವ ವಸ್ತುವೂ ಸೇರಿದೆ. ಮೊದಲು ಸೋಪನ್ನು ಹೊರಗಿಟ್ಟಿದ್ದರು, 1982ರ ತಿದ್ದುಪಡಿಯಲ್ಲಿ ಆ ವಿನಾಯಿತಿ ಹೋಯಿತು. ಈಗ ನಡೆಯುವುದು 2020ರ ಕಾಸ್ಮೆಟಿಕ್ಸ್ ನಿಯಮಗಳು. ಅದರ ಪ್ರಕಾರ ತಯಾರಿಸಲು ರಾಜ್ಯದ ಔಷಧ ನಿಯಂತ್ರಣ ವಿಭಾಗದಿಂದ ಲೈಸೆನ್ಸ್ ಬೇಕು. ಅರ್ಜಿ ನಮೂನೆ ಸಿಒಎಸ್-5, ಕೊಡುವ ಲೈಸೆನ್ಸ್ ಸಿಒಎಸ್-8. ಉದ್ಯಮ್ ಬರೀ ಸಣ್ಣ ಉದ್ದಿಮೆಯ ನೋಂದಣಿ, ತಯಾರಿಸಲು ಪರವಾನಗಿ ಅಲ್ಲ. ಆಹಾರದ ಲೈಸೆನ್ಸಿಗೂ ಇದಕ್ಕೂ ಸಂಬಂಧವಿಲ್ಲ, ಸೋಪನ್ನು ಯಾರೂ ತಿನ್ನುವುದಿಲ್ಲವಲ್ಲ. ಬೇಸ್ ಕರಗಿಸಿ ಅಚ್ಚು ಹಾಕಿ ಮಾರಿದರೂ ಅದು ತಯಾರಿಕೆಯೇ, ತಮ್ಮಾ.

ಕಷ್ಟ ಇರುವುದು ಜಾಗದಲ್ಲಿ. ಸಣ್ಣ ಪ್ರಮಾಣದ ಸ್ನಾನದ ಸೋಪಿಗೆ 100 ಚದರ ಮೀಟರ್ ಜಾಗ ಶಿಫಾರಸು ಮಾಡಿದ್ದಾರೆ. ತೊಳೆಯಲು ಬರುವ ನುಣುಪು ಗೋಡೆ, ಸಾಮಾನು ಇಡಲು ಬೇರೆ ಜಾಗ, ಎಲ್ಲ ಕೇಳುತ್ತಾರೆ. ಅಡುಗೆಮನೆ ಇದಕ್ಕೆ ಒಗ್ಗುವುದಿಲ್ಲ. ಒಂದು ಮನೆಯ ಹೆಣ್ಣುಮಗಳಿಗೂ ಸಣ್ಣ ಕಾರ್ಖಾನೆಗೂ ಒಂದೇ ಅಳತೆ ಇಟ್ಟಿದ್ದು ನ್ಯಾಯ ಅಂತ ನನಗೆ ಅನಿಸುವುದಿಲ್ಲ. ಸಣ್ಣವರಿಗೆ ಬೇರೆ ನಿಯಮ ಆಗಲೇಬೇಕು. ಆಗುವವರೆಗೆ ಇರುವ ದಾರಿ ಲೋನ್ ಲೈಸೆನ್ಸ್. ಹೆಸರು ಕೇಳಿ ಬ್ಯಾಂಕ್ ಸಾಲ ಅಂದುಕೊಳ್ಳಬೇಡಿ. ಲೈಸೆನ್ಸ್ ಇರುವ ಬೇರೆಯವರ ಘಟಕದಲ್ಲಿ ನಿಮ್ಮ ಸೋಪನ್ನು ನಿಮ್ಮ ಹೆಸರಲ್ಲಿ ಮಾಡಿಕೊಳ್ಳುವುದು. ಅರ್ಜಿ ಸಿಒಎಸ್-6, ಲೈಸೆನ್ಸ್ ಸಿಒಎಸ್-9. ನಾನು ಇದೇ ದಾರಿಯಲ್ಲಿದ್ದೇನೆ. ಮನೆಯಲ್ಲಿ ಹಾಲು ಹೆಪ್ಪುಗಟ್ಟಿಸಿ ಐಸ್ ಪೆಟ್ಟಿಗೆಯಲ್ಲಿ ಹುಬ್ಬಳ್ಳಿ ಹತ್ತಿರದ ಘಟಕಕ್ಕೆ ಒಯ್ಯುತ್ತೇನೆ. ಅಳತೆ ನನ್ನದು, ಎಣ್ಣೆ ನನ್ನದು, ಕೆಲಸಕ್ಕೂ ನಾನೇ ನಿಲ್ಲುತ್ತೇನೆ.

ಮುಂಡರಗಿ ಸೊಸೆ:

ಅಕ್ಕಾ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಜಾತ್ರೆಗೆ ಈ ಸಲ ಸೋಪು ಬೇಡ ಅಂತ ಸಂಘದಲ್ಲಿ ಹೇಳುತ್ತೇನೆ. ಮುಂದೆ ನಾವೇ ಐದಾರು ಜನ ಸೇರಿ ಘಟಕ ಮಾಡಿದರೆ ಫಾರ್ಮಸಿ ಓದಿದವರನ್ನು ಸಂಬಳಕ್ಕೆ ಇಡಬೇಕಾ? ಮತ್ತೆ, ನಮ್ಮ ಓಣಿಯ ಹುಡುಗನ ಇಸುಬು ಈ ಸೋಪಿನಿಂದ ಕಡಿಮೆಯಾಯಿತು ಅಂತ ಅವರಮ್ಮ ಹೇಳುತ್ತಾರೆ. ಅದನ್ನು ಲೇಬಲ್ ಮೇಲೆ ಬರೆಯಬಹುದಾ?

ಧಾರವಾಡ ಫಾರ್ಮಸಿಸ್ಟ್ ಬರೆದದ್ದು:

ಬರೆಯಬೇಡಿ ಮೇಡಂ. ಇಸುಬು, ಗಜಕರ್ಣ, ಸೋರಿಯಾಸಿಸ್ ವಾಸಿಯಾಗುತ್ತದೆ ಅಂದ ಕೂಡಲೇ ಅದು ಕಾಸ್ಮೆಟಿಕ್ ಆಗಿ ಉಳಿಯುವುದಿಲ್ಲ, ಔಷಧವಾಗುತ್ತದೆ. ಆ ಲೈಸೆನ್ಸೇ ಬೇರೆ. ತೊನ್ನು ಹೋಗುತ್ತದೆ ಅಂತ ಜಾಹೀರಾತು ಕೊಟ್ಟರಂತೂ 1954ರ ಮ್ಯಾಜಿಕ್ ರೆಮಿಡೀಸ್ ಕಾಯ್ದೆಗೂ ಸಿಕ್ಕಿಬೀಳುತ್ತೀರಿ. ಆ ಮಗುವನ್ನು ಚರ್ಮದ ಡಾಕ್ಟರಿಗೆ ತೋರಿಸಲು ಹೇಳಿ. ಪಿಎಚ್ (ಹುಳಿ-ಕ್ಷಾರದ ಅಳತೆ) 5.5 ಅಂತಲೂ ಹಾಕಬೇಡಿ. ಎಣ್ಣೆ, ಕಾಸ್ಟಿಕ್ ಸೇರಿಸಿ ಮಾಡಿದ ನಿಜವಾದ ಸೋಪಿನ ಪಿಎಚ್ 9-10ರ ಆಸುಪಾಸಿನಲ್ಲೇ ಇರುತ್ತದೆ. ಆಡಿನ ಹಾಲು ಹಾಕಿದರೂ ಅದು ಇಳಿಯುವುದಿಲ್ಲ.

ಸಿಬ್ಬಂದಿ ವಿಷಯದಲ್ಲಿ ಧೈರ್ಯವಾಗಿರಿ. ಫಾರ್ಮಸಿ ಡಿಪ್ಲೊಮಾ ಆದವರೇ ಆಗಬೇಕಿಲ್ಲ. ರಸಾಯನಶಾಸ್ತ್ರ ಒಂದು ವಿಷಯವಾಗಿ ಓದಿ ಪಿಯುಸಿ ಪಾಸಾದ ಒಬ್ಬರು ಪೂರ್ಣಾವಧಿ ಇದ್ದರೂ ನಡೆಯುತ್ತದೆ. ನಿಮ್ಮ ಸಂಘದಲ್ಲಿ ಪಿಯುಸಿ ಸೈನ್ಸ್ ಓದಿ ಮದುವೆಯಾಗಿ ಬಂದ ಸೊಸೆಯರು ಇರಬಹುದು, ವಿಚಾರಿಸಿ.

ಲೇಬಲ್ ಮೇಲೆ ಸೋಪಿನ ಹೆಸರು, ತಯಾರಿಸಿದವರ ಹೆಸರು ವಿಳಾಸ, ಲೈಸೆನ್ಸ್ ನಂಬರು, ತಯಾರಾದ ತಿಂಗಳು-ವರ್ಷ, ಯಾವಾಗಿನವರೆಗೆ ಬಳಸಬಹುದು, ಏನೇನು ಹಾಕಿದ್ದೀರಿ ಎಂಬುದು ಇರಬೇಕು. ಪದಾರ್ಥಗಳನ್ನು ಜಾಸ್ತಿ ಇರುವುದು ಮೊದಲು ಬರುವಂತೆ ಬರೆಯಬೇಕು. ಇನ್ನು ತೂಕ-ಅಳತೆ ಇಲಾಖೆಯದು ಬೇರೆ: 2011ರ ಪ್ಯಾಕೇಜ್ ನಿಯಮದ ಪ್ರಕಾರ ನಿವ್ವಳ ತೂಕ, ಎಂಆರ್‌ಪಿ, ದೂರಿಗೆ ಫೋನ್ ನಂಬರು. ಪ್ಯಾಕ್ ಮಾಡಲು ಶುರು ಮಾಡಿದ 90 ದಿನದೊಳಗೆ ಅಲ್ಲಿ ನೋಂದಣಿ ಆಗಬೇಕು.

ಸವಣೂರು ಸೋಪಿನಕ್ಕ:

ತೂಕದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಹಸಿ ಸೋಪಿನಲ್ಲಿ ನೀರು ಜಾಸ್ತಿ. ಕತ್ತರಿಸಿದ ದಿನದ ತೂಕ ಲೇಬಲ್ ಮೇಲೆ ಹಾಕಿದರೆ ಎರಡು ತಿಂಗಳಿಗೆ ಸೋಪು ಕಡಿಮೆ ತೂಗುತ್ತದೆ, ಗಿರಾಕಿಗೆ ಮೋಸ ಆಗುತ್ತದೆ. ಪೂರ್ತಿ ಆರಿದ ಮೇಲೆ ತೂಗಿ, ಅದಕ್ಕಿಂತ ಸ್ವಲ್ಪ ಕೆಳಗೇ ಬರೆಯಿರಿ. ಪರೀಕ್ಷೆಗೆ ಲ್ಯಾಬಿಗೂ ಆರಿದ್ದನ್ನೇ ಕೊಡಿ. ಟಾಯ್ಲೆಟ್ ಸೋಪಿಗೆ, ಅಂದರೆ ಮೈಗೆ ಹಚ್ಚುವ ಸೋಪಿಗೆ, ಇರುವ ಭಾರತೀಯ ಮಾನಕ ಐಎಸ್ 2888ರಲ್ಲಿ ಕೊಬ್ಬಿನಂಶ, ಅದೇ ಟಿಎಫ್‌ಎಂ, ಮೊದಲ ದರ್ಜೆಗೆ 76, ಎರಡನೆಯದಕ್ಕೆ 70, ಮೂರನೆಯದಕ್ಕೆ 60 ಪರ್ಸೆಂಟ್ ಇರಬೇಕು. ನೀರು ಆರಿದಷ್ಟೂ ಈ ಅಂಕಿ ಏರುತ್ತದೆ.

ಜಿಎಸ್‌ಟಿಗೆ ಈಗಲೇ ಹೆದರಬೇಡಿ. ನಮ್ಮ ರಾಜ್ಯದಲ್ಲಿ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ ನೋಂದಣಿ. ಸ್ನಾನದ ಸೋಪಿನ ತೆರಿಗೆಯೂ 2025ರ ಸೆಪ್ಟೆಂಬರ್ 22ರಿಂದ 18ರಿಂದ 5 ಪರ್ಸೆಂಟಿಗೆ ಇಳಿದಿದೆ.

ಹುಬ್ಬಳ್ಳಿ ಹುಡುಗ:

ಅಕ್ಕಾರೆ, ಬೇಸ್ ತಂದು ಮಾರುವವರು ನನ್ನ ಗೆಳೆಯರಲ್ಲೇ ಇದ್ದಾರೆ. ಇದನ್ನು ಅವರಿಗೆ ಕಳಿಸುತ್ತೇನೆ. ಅಂಗಡಿಯಲ್ಲಿ ಇಟ್ಟು ಮಾರುವವರಿಗೂ ಲೈಸೆನ್ಸ್ ಬೇಕಾ?

ಧಾರವಾಡ ಫಾರ್ಮಸಿಸ್ಟ್:

ಇಲ್ಲ. ಕಾಸ್ಮೆಟಿಕ್ ಮಾರಾಟಕ್ಕೆ ಔಷಧ ಅಂಗಡಿಯ ಹಾಗೆ ಬೇರೆ ಲೈಸೆನ್ಸ್ ಇಲ್ಲ. ಆದರೆ ಲೈಸೆನ್ಸ್ ಇಲ್ಲದೆ ತಯಾರಾದ ಸೋಪನ್ನು ಇಟ್ಟು ಮಾರಿದರೆ ಅಂಗಡಿಯವರೂ ಜವಾಬ್ದಾರರು. ಅದಕ್ಕೇ ತಿಳಿದ ಅಂಗಡಿಯವರು ಮೊದಲು ಲೇಬಲ್ ತಿರುಗಿಸಿ ಲೈಸೆನ್ಸ್ ನಂಬರು ನೋಡುತ್ತಾರೆ.

ಸವಣೂರು ಸೋಪಿನಕ್ಕ:

ತಂಗಿ, ಮೊದಲು ಲೋನ್ ಲೈಸೆನ್ಸಿನಲ್ಲಿ ಒಂದೆರಡು ವರ್ಷ ಮಾರಿ ನೋಡಿ. ಗಿರಾಕಿ ನಿಂತರೆ ಸ್ವಂತ ಘಟಕಕ್ಕೆ ಪಿಎಂಇಜಿಪಿ, ಅಂದರೆ ಹೊಸ ಉದ್ದಿಮೆಗೆ ಸಹಾಯಧನ ಕೊಡುವ ಕೇಂದ್ರದ ಯೋಜನೆಯಲ್ಲಿ, ನೆರವು ಕೇಳಬಹುದು. ಹಳ್ಳಿಯಲ್ಲಿ ಮಹಿಳೆಯರಿಗೆ ಯೋಜನಾ ವೆಚ್ಚದ 35 ಪರ್ಸೆಂಟ್ ಸಹಾಯಧನ, ನಿಮ್ಮ ಕೈಯಿಂದ 5 ಪರ್ಸೆಂಟ್, ಉಳಿದದ್ದು ಬ್ಯಾಂಕ್ ಸಾಲ. ಗದಗಿನ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ. ಹೋಗುವಾಗ ಕಟ್ಟಡದ ನಕ್ಷೆ ಒಯ್ಯಿರಿ. ಔಷಧ ನಿಯಂತ್ರಣದವರಿಗೂ ಅದೇ ನಕ್ಷೆ ಮೊದಲೇ ತೋರಿಸಿ, ಅವರು ಹೇಳಿದ ಮೇಲೆಯೇ ಗೋಡೆ ಕಟ್ಟಿಸಿ.